ಕೆಜಿಎಫ್‌ಗೆ ಮೊದಲು ಯಾವುದು: ಸೈನೈಡ್ ದಿಬ್ಬವೋ, ಕೈಗಾರಿಕಾ ಪಾರ್ಕೋ, ರೈಲೋ?

ವಾರ್ಡ್_ಟಿಪ್ಪಣಿ:

ಊರಿನ ಮಹಾಯೋಜನೆಗೆ ಸಲಹೆ ಕೊಡಲು ಎರಡು ಪುಟದ ಟಿಪ್ಪಣಿ ತಯಾರಾಗಬೇಕಿದೆ. 2001ರ ಫೆಬ್ರವರಿ 28ಕ್ಕೆ ಚಿನ್ನದ ಗಣಿ ಬಾಗಿಲು ಹಾಕಿದ ಮೇಲೆ ಇಲ್ಲಿ ಉಳಿದದ್ದು ಮಣ್ಣು ಅಗೆಯುವ ಯಂತ್ರ ಮಾಡುವ ಬೆಮೆಲ್ ಕಾರ್ಖಾನೆ, ಬೆಳಗಿನ ರೈಲು ಮತ್ತು ಸೈನೈಡ್ ದಿಬ್ಬ, ಅಂದರೆ ಸೈನೈಡ್ ಬಳಸಿ ಚಿನ್ನ ತೆಗೆದ ಮೇಲೆ ಉಳಿದ ಅದಿರಿನ ಪುಡಿಯ ರಾಶಿ. ಈಗ ಮೂರು ಮಾತು ಓಡಾಡುತ್ತಿವೆ. ಒಂದು, ದಿಬ್ಬದ ಮಣ್ಣಿನಿಂದ ಮತ್ತೆ ಚಿನ್ನ ತೆಗೆಯುವುದು. 13 ದಿಬ್ಬಗಳಿರುವ ಸುಮಾರು 1,003 ಎಕರೆಗೆ 2024ರ ಜೂನ್‌ನಲ್ಲಿ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಿದೆ. ಎರಡು, ಬೆಮೆಲ್‌ನಿಂದ ವಾಪಸ್ ಬರುವ ಸುಮಾರು 970 ಎಕರೆಯಲ್ಲಿ ಕೈಗಾರಿಕಾ ಪಾರ್ಕ್. ಮೂರು, ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇ ಬೇತಮಂಗಲದವರೆಗೆ ತೆರೆದಿರುವುದರಿಂದ ಗೋದಾಮು.

ನನ್ನ ಪ್ರಶ್ನೆ: ಯಾವುದನ್ನು ಮೊದಲು ಹಿಡಿಯಬೇಕು? ಖಾಲಿ ಕಾಣುವ ಜಾಗವೆಲ್ಲ ಕಟ್ಟಲು ಯೋಗ್ಯವೇ? 1.6 ಲಕ್ಷ ಜನರ ಊರಿಗೆ ಇದರಿಂದ ನಿಜಕ್ಕೂ ಎಷ್ಟು ಕೆಲಸ ಹುಟ್ಟುತ್ತದೆ? ಯಾವ ಪಕ್ಷ ಏನು ಮಾಡಿತು ಅನ್ನುವುದು ಬೇಡ, ಲೆಕ್ಕ ಬೇಕು.

ನೆಲದಡಿ:

ಎರಡನೇ ಪ್ರಶ್ನೆಯಿಂದ ಶುರು ಮಾಡುತ್ತೇನೆ, ಉಳಿದೆರಡೂ ಅದರ ಮೇಲೇ ನಿಂತಿವೆ. ಖಾಲಿ ಜಾಗ ಬೇರೆ, ಕಟ್ಟಬಹುದಾದ ಜಾಗ ಬೇರೆ.

ಚಾಂಪಿಯನ್ ಲೋಡ್ ಉತ್ತರ–ದಕ್ಷಿಣವಾಗಿ ಸುಮಾರು 8 ಕಿ.ಮೀ. ಉದ್ದಕ್ಕೆ ಅಗೆದ ಚಿನ್ನದ ಅದಿರಿನ ಪದರ. ಅದು ಪಶ್ಚಿಮಕ್ಕೆ ಓರೆಯಾಗಿ ಇಳಿಯುತ್ತದೆ. ಹಾಗಾಗಿ ಪದರ ಮೇಲೆ ಕಾಣಿಸಿಕೊಳ್ಳುವ ಗೆರೆಯ ಪಶ್ಚಿಮ ಬದಿಯಲ್ಲೇ ಮೇಲ್ಮಟ್ಟದ ಟೊಳ್ಳುಗಳು ಹೆಚ್ಚು. 3 ಕಿ.ಮೀ. ಆಳದ ಸುರಂಗ ಕುಸಿದರೆ ಮೇಲಿನ ನೆಲ ಇಳಿಯುವುದಿಲ್ಲ, ಅದು ನಡುಗಿಸುತ್ತದೆ ಅಷ್ಟೆ. ನೆಲ ಇಳಿಯುವುದು ಮೊದಲ 50–100 ಮೀಟರ್ ಒಳಗಿನ ಹಳೆಯ ಅಗೆತದಿಂದ. ಜನ ಇವೆರಡನ್ನೂ ಒಂದೇ ಎಂದುಕೊಂಡು ಹೆದರುತ್ತಾರೆ, ಇಲ್ಲವೇ ಎರಡನ್ನೂ ಒಟ್ಟಿಗೆ ಮರೆಯುತ್ತಾರೆ.

ಜಾಗ ಹಂಚುವ ಮೊದಲು ಆಗಬೇಕಾದದ್ದು:

ಮುಚ್ಚಿದ ಗಣಿಯ ನಕ್ಷೆ ಕೇಂದ್ರದ ಗಣಿ ಸುರಕ್ಷತಾ ನಿರ್ದೇಶನಾಲಯವಾದ ಡಿಜಿಎಂಎಸ್‌ಗೆ ಸಲ್ಲಿಕೆಯಾಗಿರಬೇಕು, ಅದು ನಿಯಮ. ಹಳೆಯ ಹಾಳೆಗಳು ಅಡಿ ಲೆಕ್ಕದಲ್ಲಿ, ಗಣಿಯದ್ದೇ ಸ್ವಂತ ಗ್ರಿಡ್‌ನಲ್ಲಿರುತ್ತವೆ. ಇವತ್ತಿನ ಸರ್ವೆ ನಕ್ಷೆಯ ಮೇಲೆ ಕೂರಿಸಲು ಕಣ್ಣಿಗೆ ಕಾಣುವ ಕನಿಷ್ಠ ಐದು ಶಾಫ್ಟ್ (ಗಣಿಗೆ ಇಳಿಯುವ ಬಾವಿ) ಬಾಯಿಗಳನ್ನು ಉಪಗ್ರಹದ ನೆರವಿನಿಂದ ನಿಖರವಾಗಿ ಅಳೆಯುವ ಡಿಜಿಪಿಎಸ್‌ನಲ್ಲಿ ಅಳೆಯಬೇಕು. ಎರಡೇ ಬಿಂದು ಹಿಡಿದು ಕೂರಿಸಿದರೆ ನಕ್ಷೆ ತಿರುಚಿಕೊಳ್ಳುತ್ತದೆ, ಊರಿನ ಇನ್ನೊಂದು ತುದಿಯಲ್ಲಿ ಟೊಳ್ಳು ಇಡೀ ಒಂದು ಬೀದಿ ಆಚೆಗೆ ಹೋಗಿ ಕೂರುತ್ತದೆ. ಐದು ಬಿಂದು ಹಿಡಿದರೂ 5–10 ಮೀಟರ್ ತಪ್ಪು ಉಳಿದೇ ಉಳಿಯುತ್ತದೆ. ಅದಕ್ಕೇ ಗೆರೆಯ ಎರಡೂ ಕಡೆ ಅಂಚು ಬಿಡಬೇಕು.

ಆಮೇಲೆ ನೆಲಕ್ಕೆ ವಿದ್ಯುತ್ ಹಾಯಿಸಿ ಅದರ ರೋಧ ಅಳೆಯುವ ರೆಸಿಸ್ಟಿವಿಟಿ ಪರೀಕ್ಷೆ, 10 ಮೀಟರಿಗೊಂದು ಸಾಲು. ಇಲ್ಲಿ ಒಂದು ಮೋಸವಿದೆ. ಒಣ ಟೊಳ್ಳು ಹೆಚ್ಚು ರೋಧ ತೋರಿಸುತ್ತದೆ, ನೀರು ತುಂಬಿದ ಟೊಳ್ಳು ಕಡಿಮೆ. ಗಣಿ ಮುಚ್ಚಿ ಪಂಪ್ ನಿಂತ ಮೇಲೆ ಒಳಗೆಲ್ಲ ನೀರು ಏರಿದೆ, ಅರ್ಧ ತುಂಬಿದ ಟೊಳ್ಳು ಗಟ್ಟಿ ಬಂಡೆಯ ಹಾಗೆಯೇ ಕಾಣಬಹುದು. ಅನುಮಾನ ಬಂದ ಕಡೆ 76 ಮಿ.ಮೀ. ಬೋರ್ ಹಾಕಿ ನೋಡದೆ ‘ಸುರಕ್ಷಿತ’ ಅಂತ ಬರೆದುಕೊಡಬಾರದು.

ಶಾಫ್ಟ್ ಬಾಯಿಗೆ ಕಟ್ಟಡದ ಅವಶೇಷ ತುಂಬಿ ಮುಚ್ಚುವುದು ಎಲ್ಲಕ್ಕಿಂತ ಕೆಟ್ಟ ಕೆಲಸ. ಒಳಗೆ ನೀರು ಏರಿ ಇಳಿದಾಗ ತುಂಬಿದ ಮಣ್ಣು ಸೋರಿ ಕೆಳಗಿಳಿಯುತ್ತದೆ, ಮೇಲೆ ತೆಳು ಹೊದಿಕೆ ಮಾತ್ರ ಉಳಿಯುತ್ತದೆ. ಸಡಿಲ ಮಣ್ಣು ತೆಗೆದು ಗಟ್ಟಿ ಬಂಡೆಯ ಮೇಲೆ ಆರ್‌ಸಿಸಿ ಹಲಗೆ ಕೂರಬೇಕು, ಶಾಫ್ಟ್ ಅಗಲದ ಎರಡರಷ್ಟು ಅಗಲಕ್ಕೆ. ಗಾಳಿ ಹೋಗಲು ಪೈಪ್, ಪಕ್ಕದಲ್ಲಿ ಗುರುತಿನ ಕಲ್ಲು.

ನಡುಕದ ಮಾತು: ಗಣಿಗೆ ನೀರು ತುಂಬುವಾಗಲೂ ರಾಕ್‌ಬರ್ಸ್ಟ್ (ಒತ್ತಡಕ್ಕೆ ಬಂಡೆ ಸಿಡಿಯುವುದು) ಬಂದಿವೆ. ಭೂಕಂಪ ನಕ್ಷೆಯ ವಲಯವೊಂದನ್ನೇ ನೋಡಿ ಸುಮ್ಮನಾಗಬೇಡಿ. ಇಟ್ಟಿಗೆ ಮನೆಗೆ ಪ್ಲಿಂತ್, ಲಿಂಟೆಲ್, ಸೂರು ಮೂರೂ ಮಟ್ಟದಲ್ಲಿ 75 ಮಿ.ಮೀ. ಬ್ಯಾಂಡ್, 10 ಮಿ.ಮೀ. ಕಂಬಿ ಎರಡು, 150 ಮಿ.ಮೀ.ಗೊಂದು ರಿಂಗ್. ಮೂಲೆಯಲ್ಲಿ ಕಂಬಿ ಕತ್ತರಿಸದೆ ತಿರುಗಿಸಿ ಮುಂದಿನ ಗೋಡೆಗೆ ಒಯ್ಯಬೇಕು. ಮೇಸ್ತ್ರಿಗಳು ಬಿಡುವುದು ಅದನ್ನೇ. ಬ್ಯಾಂಡ್ ಇದ್ದೂ ಮೂಲೆ ಬಾಯಿ ಬಿಟ್ಟ ಗೋಡೆ ಕಂಡರೆ ಕಾರಣ ಅದು. ಕಬ್ಬಿಣದ ಚೌಕಟ್ಟಿನ ಶೆಡ್‌ಗಳಿಗೆ ಇಷ್ಟು ತಲೆನೋವಿಲ್ಲ.

ಮಿಲ್‌ಹೌಸ್:

ದಿಬ್ಬದ ಲೆಕ್ಕ ನಾನು ಹೇಳುತ್ತೇನೆ.

ಅಂದಾಜು 3.3 ಕೋಟಿ ಟನ್ ಪುಡಿ, ಅದರಲ್ಲಿ 23 ಟನ್ ಚಿನ್ನ ಎಂಬುದು ಎಲ್ಲರೂ ಹೇಳುವ ಅಂಕಿ. ಅಂದರೆ ಟನ್‌ಗೆ 0.7 ಗ್ರಾಂ. ಒಂದು ಸಲ ಸೈನೈಡ್ ಕಂಡು ಉಳಿದ ಚಿನ್ನ ಇದು. ಸ್ವಲ್ಪ ಭಾಗ ಸಲ್ಫೈಡ್ ಕಣದೊಳಗೆ ಸಿಕ್ಕಿಕೊಂಡಿರುತ್ತದೆ. 60% ಕೈಗೆ ಬಂದರೆ ಒಳ್ಳೆಯದು ಎಂದುಕೊಳ್ಳಿ, ಸುಮಾರು 14 ಟನ್.

ವರ್ಷಕ್ಕೆ 20 ಲಕ್ಷ ಟನ್ ನುಂಗುವ ಘಟಕವಾದರೆ 16–17 ವರ್ಷದ ಕೆಲಸ, ದಿನಕ್ಕೆ ಸುಮಾರು 6,000 ಟನ್. ಟನ್‌ಗೆ 0.4 ಕೆ.ಜಿ. ಹಿಡಿದರೆ ದಿನಕ್ಕೆ 2.4 ಟನ್ ಸೈನೈಡ್, 1.5 ಕೆ.ಜಿ. ಹಿಡಿದರೆ 9 ಟನ್ ಸುಣ್ಣ. ಸುಣ್ಣದಲ್ಲಿ ಜಿಪುಣತನ ನಡೆಯುವುದಿಲ್ಲ. ಪಿಎಚ್ 10.5ಕ್ಕಿಂತ ಇಳಿದರೆ ಸೈನೈಡ್ ವಿಷಾನಿಲವಾಗಿ ಹಾರುತ್ತದೆ. ಸಲ್ಫೈಡ್ ಇರುವ ಹಳೆಯ ದಿಬ್ಬ ಮಳೆ ಗಾಳಿಗೆ ಹುಳಿಯೇರಿದ್ದರೆ ಸುಣ್ಣದ ಖರ್ಚು ಎರಡು ಮೂರು ಪಟ್ಟಾಗಬಹುದು. ಆದ್ದರಿಂದ ಟೆಂಡರ್ ಕಾಗದದಲ್ಲಿ ‘13 ದಿಬ್ಬದ ಸರಾಸರಿ’ ಎಂಬ ಒಂದೇ ಅಂಕಿ ಕಂಡರೆ ನಂಬಬೇಡಿ. ದಿಬ್ಬ ದಿಬ್ಬಕ್ಕೂ, ಮೇಲಿನ ಮೀಟರಿಗೂ ಕೆಳಗಿನ ಮೀಟರಿಗೂ ಬೇರೆ ಬೇರೆ ಲೆಕ್ಕ ಬೇಕು.

ನೀರು: ಮರುಬಳಕೆ ಕಳೆದು ದಿನಕ್ಕೆ ಸುಮಾರು 20 ಲಕ್ಷ ಲೀಟರ್ ಹೊಸ ನೀರು ಬೇಕಾಗುತ್ತದೆ. ಊರಿಗೆ ತಲೆಗೆ 135 ಲೀಟರ್‌ನಂತೆ ಬೇಕಾದ 2.16 ಕೋಟಿ ಲೀಟರ್‌ನ ಹತ್ತನೇ ಒಂದು ಭಾಗ ಅದು. ಬೇತಮಂಗಲದ ಕುಡಿಯುವ ನೀರಿಗೆ ಕೈ ಹಾಕುವ ಹಾಗಿಲ್ಲ. ಊರಿನ ಕೊಳಚೆಯನ್ನೇ ಶುದ್ಧೀಕರಿಸಿ ಕೊಡಬಹುದು, ಆದರೆ ಅದಕ್ಕೆ ಮೊದಲು ಕೊಳಚೆ ಪೈಪಿನಲ್ಲಿ ಹರಿದು ಒಂದು ಕಡೆ ಸೇರಬೇಕಲ್ಲ.

ಕೆಲಸ: ನೀರಿನ ಗನ್ನಿನಿಂದ ದಿಬ್ಬ ಕರಗಿಸಿ, ಪೈಪಿನಲ್ಲಿ ಸಾಗಿಸಿ, ಟ್ಯಾಂಕಿನಲ್ಲಿ ಕಲಕುವ ಘಟಕ ಇದು. ಪಾಳಿ, ಕಾವಲು, ಲ್ಯಾಬ್ ಎಲ್ಲ ಸೇರಿ ಕೆಲವು ನೂರು ಜನ ಸಾಕು. ಒಂದು ಕಾಲದಲ್ಲಿ 30 ಸಾವಿರ ಜನರನ್ನು ಸಾಕಿದ ಗಣಿಯ ನೆನಪಿನಲ್ಲಿ ಇದನ್ನು ಅಳೆಯಬೇಡಿ.

ವಾರ್ಡ್_ಟಿಪ್ಪಣಿ:

ಧನ್ಯವಾದ ಸರ್. ಕೆಲಸ ಕಡಿಮೆ ಎಂದೇ ಇಟ್ಟುಕೊಳ್ಳೋಣ. ದಿಬ್ಬ ಕರಗಿದರೆ ಊರ ಮಧ್ಯೆ 1,003 ಎಕರೆ ನೆಲ ಬಿಡುಗಡೆಯಾಗುತ್ತದಲ್ಲವೇ? ಬೇಸಿಗೆಯ ದೂಳೂ ಹೋಗುತ್ತದೆ.

ಮಿಲ್‌ಹೌಸ್:

ಟನ್‌ಗೆ 0.7 ಗ್ರಾಂ ತೆಗೆದರೆ ಉಳಿಯುವುದು ಒಂದು ಟನ್ನೇ! ಹೋಗುವುದು ಚಿನ್ನ ಮಾತ್ರ, ಮಣ್ಣಲ್ಲ. 3.3 ಕೋಟಿ ಟನ್ ಅಂದರೆ ಸುಮಾರು 2.2 ಕೋಟಿ ಘನ ಮೀಟರ್. 20 ಮೀಟರ್ ಎತ್ತರಕ್ಕೆ ಒಂದೇ ಕಡೆ ಹಾಕಿದರೂ 270 ಎಕರೆ, ಇಳಿಜಾರು ಮತ್ತು ಏರಿ ಸೇರಿಸಿದರೆ 350–400 ಎಕರೆ. ಹಾಗಾಗಿ ಕೊನೆಗೆ 600 ಎಕರೆ ಬಿಡುಗಡೆಯಾದರೂ ಅದು ದೊಡ್ಡದೇ. ಆದರೆ ಸಿಗುವುದು ಹದಿನೈದು ವರ್ಷದ ಮೇಲೆ.

ತೊಂದರೆ ಇರುವುದು ಮೊದಲ ದಿನ. ಮೊದಲ ದಿಬ್ಬ ಕರಗಿಸುವಾಗ ಅದರ ಮಣ್ಣು ಎಲ್ಲಿಗೆ? ಕೆಳಗೆ ಟೊಳ್ಳಿಲ್ಲದ ಖಾಲಿ ನೆಲ ಬೇಕು, ಅದಕ್ಕೆ 1.5 ಮಿ.ಮೀ. ಎಚ್‌ಡಿಪಿಇ ಪ್ಲಾಸ್ಟಿಕ್ ಹಾಳೆ ಹಾಸಬೇಕು, ಕೊಳಕ್ಕೆ ಬಿಡುವ ಮೊದಲು ಸೈನೈಡನ್ನು 50 ಪಿಪಿಎಂಗಿಂತ ಕೆಳಗಿಳಿಸಬೇಕು. ಮೇಲೆ ನೆಲದಡಿ ಅವರು ಹೇಳಿದ ನಕ್ಷೆ ಇಲ್ಲದೆ ಆ ಜಾಗ ಆರಿಸಲು ಆಗುವುದಿಲ್ಲ. ಜೊಹಾನ್ಸ್‌ಬರ್ಗ್‌ನ ಸುತ್ತ ದಿಬ್ಬಗಳನ್ನು ಹೀಗೆಯೇ ಕರಗಿಸುತ್ತಾ ಬಂದಿದ್ದಾರೆ, ಅಲ್ಲೂ ಎಲ್ಲ ಹೋಗಿ ಸೇರುವುದು ಊರಾಚೆಯ ದೊಡ್ಡ ಕೊಳಕ್ಕೆ.

ದೂಳಿಗೆ ಚಿನ್ನ ತೆಗೆಯುವವರೆಗೆ ಕಾಯಬೇಕಿಲ್ಲ. ದಿಬ್ಬಕ್ಕೆ ‘ಸೈನೈಡ್’ ಎಂದು ಹೆಸರಿದ್ದರೂ ಮೇಲ್ಪದರದ ಸೈನೈಡ್ ಬಿಸಿಲಿಗೆ ಬಹುಪಾಲು ಒಡೆದು ಹೋಗಿರುತ್ತದೆ. ಶ್ವಾಸಕೋಶಕ್ಕೆ ಅಪಾಯ ನುಣ್ಣನೆಯ ಸಿಲಿಕಾದಿಂದ. ಹಳೆಯ ದಿಬ್ಬಕ್ಕೆ ನೇರವಾಗಿ ಮರ ನೆಟ್ಟರೆ ಎರಡನೇ ಬೇಸಿಗೆಗೆ ಒಣಗುತ್ತವೆ. ಪುಡಿಯಲ್ಲಿ ಸಾವಯವ ಅಂಶವಿಲ್ಲ, ನೀರು ನಿಲ್ಲುವುದಿಲ್ಲ, ಕೆಲವೆಡೆ ಹುಳಿ. 20 ಮೀಟರಿಗೊಂದು ಕಡೆ ಪಿಎಚ್ ನೋಡಿ ಸುಣ್ಣ ಹಾಕಿ, ಇಳಿಜಾರನ್ನು 1:3ಕ್ಕೆ ತಗ್ಗಿಸಿ, ತೆಂಗಿನ ನಾರಿನ ಬಲೆ ಹಾಸಿ, 30 ಸೆಂ.ಮೀ. ಮಣ್ಣು–ಗೊಬ್ಬರ ಹರಡಿ ಲಾವಂಚ ಮತ್ತು ಹುಲ್ಲು ಹಾಕಬೇಕು. ಮರ ಮೂರನೇ ವರ್ಷಕ್ಕೆ ಸಾಕು. ಹತ್ತು ವರ್ಷ ಮುಟ್ಟದ ದಿಬ್ಬಕ್ಕೆ ಪೂರ್ತಿ ಹೊದಿಕೆ. ಮುಂದಿನ ಎರಡು ವರ್ಷದಲ್ಲಿ ಕರಗಿಸುವ ದಿಬ್ಬಕ್ಕೆ ಅಷ್ಟು ಖರ್ಚು ದಂಡ, ಗಾಳಿಯ ಬದಿಗೆ ಬಲೆ ಕಟ್ಟಿದರೆ ನಡೆಯುತ್ತದೆ.

ಟೂಲ್‌ರೂಮ್:

ಪಾರ್ಕ್ ವಿಷಯ. ರಸ್ತೆ, ದೀಪ, ಕಮಾನು ಹಾಕಿ ‘ಬನ್ನಿ’ ಎಂದರೆ ಯಾರೂ ಬರುವುದಿಲ್ಲ, ನರಸಾಪುರ–ವೇಮಗಲ್ ಕಡೆ ಬೆಂಗಳೂರಿಗೆ ಇನ್ನೂ ಹತ್ತಿರದ ಪ್ಲಾಟ್‌ಗಳಿವೆ. ಕೆಜಿಎಫ್‌ಗೆ ಇರುವ ಬಂಡವಾಳ ಬೇರೆ. 1964ರಿಂದ ಇರುವ ಬೆಮೆಲ್‌ನ ಸುತ್ತ ಬೆಳೆದ ವೆಲ್ಡರ್, ಫಿಟ್ಟರ್, ಟರ್ನರ್ ಕೈಗಳು ಇಲ್ಲಿವೆ. ಮಣ್ಣು ಅಗೆಯುವ ಯಂತ್ರದ ಬಿಡಿಭಾಗ ಮಾಡುವುದು ಈ ಊರಿಗೆ ಹೊಸದಾಗಿ ಕಲಿಸಬೇಕಾದ ವಿದ್ಯೆಯಲ್ಲ.

ಒಂದೇ ಒಂದು ಪಿನ್ ನೋಡಿ, ಎಕ್ಸ್‌ಕವೇಟರ್ ಬಕೆಟ್ ತೂಗುವ ಪಿನ್. ಇಎನ್-19 ಉಕ್ಕಿನ ಕಂಬಿ ತಂದು ಟರ್ನಿಂಗ್ ಮಾಡುವುದು ಸಣ್ಣ ಶೆಡ್‌ನಲ್ಲಿ ಆಗುತ್ತದೆ. ಮೇಲ್ಮೈಯನ್ನು 3–4 ಮಿ.ಮೀ. ಆಳಕ್ಕೆ ಇಂಡಕ್ಷನ್ ಹಾರ್ಡನಿಂಗ್ (ವಿದ್ಯುತ್ತಿನಿಂದ ಕಾಯಿಸಿ ತಟ್ಟನೆ ತಣಿಸುವುದು) ಮಾಡಿ 50–55 ಎಚ್‌ಆರ್‌ಸಿ ಗಡಸುತನ ತರಬೇಕು, ಆಮೇಲೆ ಗ್ರೈಂಡಿಂಗ್, ಬಿರುಕು ಪರೀಕ್ಷೆ. ಆ ನಡುವಿನ ಒಂದು ಹಂತಕ್ಕೆ ಸರಕು ಪೀಣ್ಯಕ್ಕೆ ಹೋಗಿ ಬರಬೇಕಾದರೆ ನಾಲ್ಕೈದು ದಿನ ಮತ್ತು ಎರಡು ಸಲದ ಬಾಡಿಗೆ ಹೋಯಿತು. ಗಡಸುತನ ಸಿಕ್ಕದೆ ತಿರಸ್ಕೃತವಾದರೆ ಮತ್ತೆ ಅದೇ ಓಡಾಟ. ಸಣ್ಣ ಘಟಕ ಸೋಲುವುದು ಅಲ್ಲಿ, ಲೇತ್‌ನ ಮುಂದೆ ಅಲ್ಲ.

ಆದ್ದರಿಂದ 970 ಎಕರೆಗೆ ಮೊದಲು ಎರಡು ಎಕರೆಯಲ್ಲಿ ಸಾಮಾನ್ಯ ಸೌಲಭ್ಯ ಕೇಂದ್ರ ಕೇಳಿ: ಇಂಡಕ್ಷನ್ ಯಂತ್ರ, ಒಂದು ಪಿಟ್ ಫರ್ನೇಸ್ (ಕುಲುಮೆ), ನಿಖರ ಅಳತೆಯ ಯಂತ್ರ ಸಿಎಂಎಂ, ಅಲ್ಟ್ರಾಸೋನಿಕ್ ಪರೀಕ್ಷೆ. ಕೇಂದ್ರದ ಎಂಎಸ್‌ಇ-ಸಿಡಿಪಿ ಯೋಜನೆಯಲ್ಲಿ ಇದಕ್ಕೆ ಅನುದಾನವಿದೆ, ಘಟಕಗಳು ಸೇರಿ ಒಂದು ಸಂಸ್ಥೆ ಕಟ್ಟಿಕೊಳ್ಳಬೇಕು. ಫರ್ನೇಸ್ ಅರ್ಧ ಖಾಲಿ ಓಡಿದರೆ ಕರೆಂಟ್ ಬಿಲ್ಲೇ ಕೇಂದ್ರವನ್ನು ಮುಚ್ಚಿಸುತ್ತದೆ. ಯಾರು ವಾರಕ್ಕೆ ಎಷ್ಟು ಕೆ.ಜಿ. ಕೊಡುತ್ತಾರೆ ಎಂದು ಮೊದಲೇ ಬರೆಸಿಕೊಂಡು ಅದಕ್ಕೆ ತಕ್ಕ ಗಾತ್ರದ್ದು ತರಬೇಕು. ವೋಲ್ಟೇಜ್ ಕುಸಿದರೆ ಇಂಡಕ್ಷನ್ ಆಳ ಏರುಪೇರಾಗುತ್ತದೆ, ಪ್ರತ್ಯೇಕ ಫೀಡರ್ ಇಲ್ಲದಿದ್ದರೆ ಶುರು ಮಾಡಬೇಡಿ.

ಹಣ ಬರುವ ದಾರಿಯನ್ನೂ ಟಿಪ್ಪಣಿಯಲ್ಲಿ ಸೇರಿಸಿ. ಎಂಎಸ್‌ಎಂಇ ಕಾಯ್ದೆಯಂತೆ ಖರೀದಿದಾರ ಹೆಚ್ಚೆಂದರೆ 45 ದಿನದಲ್ಲಿ ದುಡ್ಡು ಕೊಡಬೇಕು. ಉದ್ಯಮ್ ನೋಂದಣಿ ಇಲ್ಲದ ಶೆಡ್‌ಗೆ ಆ ರಕ್ಷಣೆ ಕೇಳಲು ಆಗುವುದಿಲ್ಲ, ಟ್ರೆಡ್ಸ್ ಎಂಬ ಆನ್‌ಲೈನ್ ವೇದಿಕೆಯಲ್ಲಿ ಬಿಲ್ ಮಾರಿ ಮುಂಗಡ ಪಡೆಯಲೂ ಆಗುವುದಿಲ್ಲ.

ಗೋದಾಮಿನ ಬಗ್ಗೆ ನನಗೆ ಅಷ್ಟು ಉತ್ಸಾಹವಿಲ್ಲ. ಎಕರೆ ಲೆಕ್ಕದಲ್ಲಿ ಜಾಗ ನುಂಗುತ್ತದೆ, ತಲೆ ಲೆಕ್ಕದಲ್ಲಿ ಕೆಲಸ ಕಮ್ಮಿ.

ಮಾರಿಕುಪ್ಪಂ_ಲೋಕಲ್:

ಎಲ್ಲರೂ ಊರೊಳಗಿನ ಕೆಲಸವನ್ನೇ ಎಣಿಸುತ್ತಿದ್ದೀರಿ. ಈ ಊರನ್ನು ಇಷ್ಟು ವರ್ಷ ಹಿಡಿದು ನಿಲ್ಲಿಸಿದ್ದು ರೈಲು. ಬಂಗಾರಪೇಟೆ–ಮಾರಿಕುಪ್ಪಂ ಕವಲು 16 ಕಿ.ಮೀ., 1894ರಿಂದ ಇದೆ. ಬೆಂಗಳೂರಿನಲ್ಲಿ ದುಡಿದು ಇಲ್ಲಿ ಬಾಡಿಗೆ, ದಿನಸಿ, ಶಾಲೆಗೆ ಖರ್ಚು ಮಾಡುವ ಸಂಬಳವೇ ರಾಬರ್ಟ್‌ಸನ್‌ಪೇಟೆಯ ಅಂಗಡಿ ಸಾಲನ್ನು ನಡೆಸುತ್ತಿದೆ. ಎಕ್ಸ್‌ಪ್ರೆಸ್‌ವೇ ಈ ಜನಕ್ಕೆ ಉಪಯೋಗವಿಲ್ಲ, ಅಲ್ಲಿ ಬೈಕ್ ಬಿಡುವುದಿಲ್ಲ.

‘ಇನ್ನೊಂದು ರೈಲು ಬೇಕು’ ಎಂದು ಬರೆದರೆ ಉತ್ತರ ಸಿದ್ಧವಾಗಿದೆ: ವೈಟ್‌ಫೀಲ್ಡ್‌ನಿಂದ ಆಚೆ ಹಳಿ ಖಾಲಿಯಿಲ್ಲ. ಕಂಟೋನ್ಮೆಂಟ್–ವೈಟ್‌ಫೀಲ್ಡ್ ನಾಲ್ಕು ಹಳಿ ಕೆಲಸ ಮುಗಿಯುವವರೆಗೆ ಅದು ನಿಜವೂ ಹೌದು. ಹಾಗಾಗಿ ಕೇಳುವುದನ್ನು ಬದಲಿಸಿ: ವೈಟ್‌ಫೀಲ್ಡ್‌ಗೇ ಮುಗಿಯುವ ಮೆಮು (ಲೋಕಲ್ ವಿದ್ಯುತ್ ರೈಲು). ಸುಮಾರು 60 ಕಿ.ಮೀ., ಅಲ್ಲಿಂದ ಮೆಟ್ರೋ ಹಿಡಿಯಬಹುದು. ಪಾಳಿ ಮುಗಿಸಿ ಬರುವವರಿಗೆ ರಾತ್ರಿ ಒಂಬತ್ತರ ಮೇಲೆ ಒಂದು. ರೈಲು ಬಂದಾಗ ಊರ್ಗಾಂ, ಚಾಂಪಿಯನ್ ನಿಲ್ದಾಣದ ಹೊರಗೆ ದೀಪ, ಆಂಡರ್ಸನ್‌ಪೇಟೆಗೆ ಒಂದು ಮಿನಿ ಬಸ್. ಇದು ನಗರಸಭೆಯ ಮಟ್ಟದಲ್ಲೇ ಆಗುವಂಥದ್ದು. ಮಾರಿಕುಪ್ಪಂ–ಕುಪ್ಪಂ ಹೊಸ ಮಾರ್ಗ ಮುಗಿದರೆ ಈ ಕವಲು ಕೊನೆಯ ನಿಲ್ದಾಣವಾಗಿ ಉಳಿಯುವುದಿಲ್ಲ, ಆಗ ಸರಕು ಸಾಗಣೆಯ ಮಾತು ಬೇರೆ.

ನೆಲದಡಿ:

ಲೋಕಲ್ ಅವರ ಮಾತಿಗೆ ಒಂದು ಸೇರ್ಪಡೆ. ಆ ಸಂಬಳ ಊರಲ್ಲಿ ಮನೆಯಾಗಿ ನಿಲ್ಲಬೇಕಾದರೆ ಗಣಿ ಕಾರ್ಮಿಕರಿಗೆ ಸಾಲಾಗಿ ಕಟ್ಟಿದ ಲೈನ್ ಮನೆಗಳ ಹಕ್ಕುಪತ್ರ ಇತ್ಯರ್ಥವಾಗಬೇಕು. ಖಾತೆ ಇಲ್ಲದ ಮನೆಗೆ ಬ್ಯಾಂಕ್ ಸಾಲವಿಲ್ಲ, ಮುಂದಿನ ಕೋಣೆಯಲ್ಲಿ ಅಂಗಡಿ ಇಟ್ಟರೆ ಪರವಾನಗಿಯೂ ಕಷ್ಟ. ಆದರೆ ಡ್ರೋನ್ ಸರ್ವೆ ಮಾಡಿ ಎಲ್ಲಕ್ಕೂ ಒಂದೇ ಸಲ ಪತ್ರ ಹಂಚಬಾರದು. ಟೊಳ್ಳಿನ ಗೆರೆಯ ಮೇಲಿರುವ ಸಾಲಿಗೆ ಅಲ್ಲೇ ಹಕ್ಕು ಕೊಟ್ಟರೆ ಜನ ಸಾಲ ಮಾಡಿ ಎರಡನೇ ಮಹಡಿ ಎತ್ತುತ್ತಾರೆ. ಅವರಿಗೆ ಅದೇ ವಾರ್ಡಿನಲ್ಲಿ ಬದಲಿ ಜಾಗ ಗುರುತಿಸಿ, ಆಮೇಲೆ ಪತ್ರ.

ಒಳಚರಂಡಿಯೂ ಹಾಗೆಯೇ. ಮಲ ಹೊರುವ ಪದ್ಧತಿಯ ವಿರುದ್ಧ ಹೋರಾಡಿ 2016ರಲ್ಲಿ ಮ್ಯಾಗ್ಸೆಸೆ ಪಡೆದ ಬೆಜವಾಡ ವಿಲ್ಸನ್ ಹುಟ್ಟಿದ ಊರು ಇದು, ಲೈನ್‌ಗಳಲ್ಲಿ ಇದ್ದ ಶೌಚಾಲಯ ಎಂಥದ್ದೆಂದು ಬಿಡಿಸಿ ಹೇಳಬೇಕಿಲ್ಲ. ಬಂಡೆ ನೆಲದಲ್ಲಿ ಎರಡು ಮೀಟರ್ ಆಳದ ಚರಂಡಿಗೆ ಅಂದಾಜು ಹಾಕಿದರೆ ಕಡತ ಮುಂದಕ್ಕೆ ಹೋಗುವುದಿಲ್ಲ. ಲಾರಿ ಓಡದ ಹಿತ್ತಲ ಓಣಿಯಲ್ಲಿ 40–60 ಸೆಂ.ಮೀ. ಆಳದ ಪೈಪ್ ಸಾಕು, ಇಪ್ಪತ್ತು ಮನೆಗೊಂದು ತಪಾಸಣೆ ಗುಂಡಿ ಇರಲಿ. ಮಿಲ್‌ಹೌಸ್ ಅವರು ಕೇಳಿದ 20 ಲಕ್ಷ ಲೀಟರ್ ಬರುವುದೂ ಇಲ್ಲಿಂದಲೇ.

ವಾರ್ಡ್_ಟಿಪ್ಪಣಿ:

ಹಾಗಾದರೆ ಟಿಪ್ಪಣಿಯ ಮೊದಲ ಸಾಲು ಟೊಳ್ಳಿನ ನಕ್ಷೆ. ಅದನ್ನು ಕೇಳಬೇಕಾದದ್ದು ಯಾರನ್ನು?

ನೆಲದಡಿ:

ಡಿಜಿಎಂಎಸ್‌ನ ಬೆಂಗಳೂರು ಕಚೇರಿಗೆ ಒಂದು ಅರ್ಜಿ, ಗಣಿ ನಡೆಸುತ್ತಿದ್ದ ಕಂಪನಿ ಬಿಜಿಎಂಎಲ್‌ಗೆ ಒಂದು. ಜಿಲ್ಲಾಧಿಕಾರಿ ಅಥವಾ ನಗರಾಭಿವೃದ್ಧಿ ಪ್ರಾಧಿಕಾರದ ಮೂಲಕ ಹೋದರೆ ಬೇಗ ಕದಲುತ್ತದೆ. ‘ಗಣಿ ನಕ್ಷೆ ಕೊಡಿ’ ಎಂದಷ್ಟೇ ಬರೆದರೆ ಮೇಲ್ಮೈ ನಕ್ಷೆ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ನಾಲ್ಕನ್ನೂ ಬಿಡಿಬಿಡಿಯಾಗಿ ಬರೆಯಿರಿ: ಮೇಲ್ಮೈ ನಕ್ಷೆ, ಮೊದಲ 100 ಮೀಟರ್ ಒಳಗಿನ ಪ್ರತಿ ಮಟ್ಟದ ಭೂಗತ ನಕ್ಷೆ, ಅಡ್ಡಸೀಳು, ಮತ್ತು ಮುಚ್ಚಿದ್ದೂ ತೆರೆದದ್ದೂ ಸೇರಿ ಎಲ್ಲ ಶಾಫ್ಟ್‌ಗಳ ಪಟ್ಟಿ. ಕೊನೆಯದು ಸಿಕ್ಕರೆ ಅದನ್ನು ಹಿಡಿದು ಒಂದು ಭಾನುವಾರ ವಾರ್ಡ್ ಸುತ್ತಿ. ಪಟ್ಟಿಯಲ್ಲಿ ಇದ್ದು ನೆಲದ ಮೇಲೆ ಕಾಣದ ಶಾಫ್ಟ್‌ಗಳಿಗೆ ಕೆಂಪು ಗುರುತು ಹಾಕಿ, ಮೊದಲ ಬೋರ್ ಅಲ್ಲಿ ಬೀಳಬೇಕು.