ಡೆನ್ಮಾರ್ಕಿಗೆ ಹೊರಟ ಅಪ್ಪ-ಅಮ್ಮನಿಗೆ ಎಷ್ಟು ಡ್ಯಾನಿಷ್ ಕಲಿಸಬೇಕು?

ಶಿವಮೊಗ್ಗದಿಂದ ಕೇಳಿದವರು:
ತಂಗಿ ಕೋಪನ್‌ಹೇಗನ್‌ನಲ್ಲಿ ಕೆಲಸದಲ್ಲಿದ್ದಾಳೆ. ಜೂನ್‌ನಲ್ಲಿ ಅಪ್ಪ-ಅಮ್ಮ ಅವಳ ಮನೆಗೆ ಹೋಗ್ತಿದ್ದಾರೆ. ಹಗಲು ಅವಳು ಆಫೀಸಿಗೆ ಹೋದ ಮೇಲೆ ಇವರಿಬ್ಬರೇ ಓಡಾಡಬೇಕು. ಅಪ್ಪನಿಗೆ ಇಂಗ್ಲಿಷ್ ಬರುತ್ತೆ, ಅಮ್ಮನಿಗೆ ಅಷ್ಟಕ್ಕಷ್ಟೆ. ಇಬ್ಬರೂ ಮೊಟ್ಟೆ ಕೂಡ ಮುಟ್ಟಲ್ಲ. ಯಾವ ಪದ ಕಲಿಸಿ ಕಳಿಸಲಿ? ಅನುಭವ ಇದ್ದವರು ದಯವಿಟ್ಟು ಹೇಳಿ.

ಕೋಪನ್‌ಹೇಗನ್‌ನಲ್ಲಿ ನೆಲೆಸಿರುವವರು:
ಮಾತಾಡೋಕೆ ಡ್ಯಾನಿಷ್ ಬೇಕೇ ಬೇಕು ಅಂತಿಲ್ಲ. ಅಂಗಡಿ ಹುಡುಗನಿಂದ ಹಿಡಿದು ಬಸ್ ಡ್ರೈವರ್‌ವರೆಗೆ ಬಹುತೇಕ ಎಲ್ಲರಿಗೂ ಇಂಗ್ಲಿಷ್ ಬರುತ್ತೆ. ಕಷ್ಟ ಆಗೋದು ಸೂಪರ್‌ಮಾರ್ಕೆಟ್ಟಿನಲ್ಲಿ ಪ್ಯಾಕೆಟ್ ಕೈಗೆತ್ತಿಕೊಂಡಾಗ. ಎಷ್ಟೋ ಪ್ಯಾಕೆಟ್‌ಗಳ ಮೇಲೆ ಇಂಗ್ಲಿಷ್ ಇರೋದೇ ಇಲ್ಲ. ಹಾಗಾಗಿ ನನ್ನ ಕೇಳಿದರೆ ಮೊದಲು ಓದೋದು ಕಲಿಸಿ, ಆಡೋದು ಆಮೇಲೆ.

'ಕೆ', ಓರೆ ಗೆರೆ ಎಳೆದ 'ಓ', ಆಮೇಲೆ 'ಡಿ'. ಈ ಮೂರಕ್ಷರ ಒಟ್ಟಿಗೆ ಕಂಡರೆ ಮಾಂಸ. ಅದರ ಮುಂದೆ 'ಸ್ವೀನ' ಅಂತ ಇದ್ದರೆ ಹಂದಿ, 'ಒಕ್ಸ' ಅಂತ ಇದ್ದರೆ ದನ. ಅದೇ ಪದದ ಕೊನೆಗೆ 'ಫ್ರೀ' ಅಂಟಿಕೊಂಡಿದ್ದರೆ ಮಾಂಸ ಇಲ್ಲ ಅಂತ, ಹೆದರಬೇಕಿಲ್ಲ. 'ಕ್ಯುಲಿಂಗ್' ಕೋಳಿ. 'ಸ್ಕಿಂಕ' ಮತ್ತೆ ಹಂದಿಯೇ. 'ಎ' ಮತ್ತು 'ಇ' ಬೆಸೆದುಕೊಂಡ ಅಕ್ಷರದ ಪಕ್ಕ 'ಜಿ' ಇದ್ದರೆ ಮೊಟ್ಟೆ. ಇನ್ನೊಂದು ಮುಖ್ಯ ವಿಷಯ: ಯುರೋಪಿಯನ್ ಒಕ್ಕೂಟದ ನಿಯಮದಂತೆ ಮೊಟ್ಟೆ, ಹಾಲು, ಮೀನು ಇಂಥ ಅಲರ್ಜಿ ಪದಾರ್ಥಗಳನ್ನು ಪಟ್ಟಿಯಲ್ಲಿ ಎದ್ದು ಕಾಣುವಂತೆ, ಸಾಮಾನ್ಯವಾಗಿ ದಪ್ಪಕ್ಷರದಲ್ಲಿ, ಅಚ್ಚು ಹಾಕ್ತಾರೆ. ಮಾಂಸ ಆ ಪಟ್ಟಿಗೆ ಸೇರಲ್ಲ. ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆಯೋ ಜೆಲಟಿನ್ ಕೂಡ ಹಾಗೇ ಸಣ್ಣಕ್ಷರದಲ್ಲೇ ಇರುತ್ತೆ, ಮಿಠಾಯಿ ಕೊಳ್ಳುವಾಗ ಹುಡುಕಿ ನೋಡಬೇಕು. ಹೋಟೆಲ್ಲಿನಲ್ಲಿ 'ಯಾಯ್ ಎರ್ ವೆಗೆಟಾರ್' ಅಂದರೆ ಸಸ್ಯಾಹಾರಿ ಅಂತ ಅರ್ಥ ಆಗುತ್ತೆ. ಆದರೆ ಅವರ ಲೆಕ್ಕದಲ್ಲಿ ಸಸ್ಯಾಹಾರಿ ಮೊಟ್ಟೆ ತಿನ್ನಬಹುದು, ಅದನ್ನು ಬೇರೆಯಾಗಿ ಹೇಳಲೇಬೇಕು.

ಆರ್ಹಸ್‌ನಲ್ಲಿ ಓದಿ ಬಂದವರು:
ಮೇಲೆ ಹೇಳಿದ್ದು ಸರಿ, ಆದರೆ ಕ್ಯಾಶ್ ಕೌಂಟರ್ ಮಾತು ಬಿಟ್ಟುಹೋಯಿತು. ಅಲ್ಲಿ ಮೊದಲ ಮಾತು ಡ್ಯಾನಿಷ್‌ನಲ್ಲೇ ಬರುತ್ತೆ. 'ಪೋಸ' ಅನ್ನೋದು ಕಿವಿಗೆ ಬಿದ್ದರೆ ಚೀಲ ಬೇಕಾ ಅಂತ ಕೇಳ್ತಿದ್ದಾರೆ, 'ಬಾಂಗ್' ಅಂದರೆ ಬಿಲ್ ಬೇಕಾ ಅಂತ. ಬೇಕಾದರೆ 'ಯಾ ಥಕ್', ಬೇಡದಿದ್ದರೆ 'ನಾಯ್ ಥಕ್'. ಬರುವಾಗ 'ಹಾಯ್', ಹೊರಡುವಾಗ 'ಹಾಯ್ ಹಾಯ್'. ಅಮ್ಮನಿಗೆ ಇಷ್ಟು ಬಂದರೆ ಒಬ್ಬರೇ ಹೋಗಿ ಹಾಲು ತರಬಹುದು.

'ಥಕ್' ಅಂತ ಬೇಕೆಂದೇ ಬರೆದಿದ್ದೀನಿ. ಡ್ಯಾನಿಷ್‌ನಲ್ಲಿ ಪದದ ಮೊದಲಿಗೆ ಬರುವ ಪಿ, ಟಿ, ಕೆ ಉಸಿರು ತುಂಬಿ ಬರುತ್ತವೆ, ಬಿ, ಡಿ, ಜಿ ಮಾತ್ರ ನಮ್ಮ ಪ, ತ, ಕ ಥರವೇ ಕೇಳಿಸುತ್ತವೆ. ಅಲ್ಪಪ್ರಾಣ ಮಹಾಪ್ರಾಣ ಬಲ್ಲ ಕನ್ನಡದ ನಾಲಿಗೆಗೆ ಇದು ಸುಲಭ. ಒದ್ದಾಡಿಸೋದು ಮೆದು 'ಡಿ', ಅಂದರೆ ಪದದ ನಡುವೆ ಅಥವಾ ಕೊನೆಗೆ ಸ್ವರದ ನಂತರ ಬರುವ 'ಡಿ'. ನಾಲಿಗೆ ತುದಿಯನ್ನು ಕೆಳಹಲ್ಲಿನ ಹಿಂದೆ ಒತ್ತಿಟ್ಟು 'ಲ' ಅನ್ನೋಕೆ ಹೋದರೆ ಹತ್ತಿರ ಬರುತ್ತೆ. ಕಿವಿಗೂ ಅದು 'ಲ' ಅಂತಲೇ ಬೀಳುತ್ತೆ. ಬರಹ ನೋಡಿ ಉಚ್ಚರಿಸೋಕೆ ಮಾತ್ರ ಹೋಗಬೇಡಿ. ನ್ಯೂಹಾವ್ನ್ ಅಂತ ನಾವು ಓದೋ ಕೋಪನ್‌ಹೇಗನ್‌ನ ಬಂದರು ಅವರ ಬಾಯಲ್ಲಿ 'ನ್ಯುಹೌನ್'. ಆಪ್ ಬಗ್ಗೆ ಹೇಳೋದಾದರೆ, ಡುಯೊಲಿಂಗೊದಲ್ಲಿ ಡ್ಯಾನಿಷ್ ಇದೆ, ಆದರೆ ಪ್ರಯಾಣಕ್ಕೆ ಬೇಡದ ವಾಕ್ಯಗಳಲ್ಲೇ ಹೊತ್ತು ಹೋಗುತ್ತೆ. 'ಡೆನ್ ಡ್ಯಾನ್ಸ್ಕ ಓರ್ಡ್‌ಬಾಗ್' ಅನ್ನೋ ನಿಘಂಟು ಅಂತರ್ಜಾಲದಲ್ಲಿ ಉಚಿತವಾಗಿದೆ, ಪದ ಹಾಕಿದರೆ ಉಚ್ಚಾರಣೆ ಕೇಳಿಸುತ್ತೆ. ನನಗೆ ಅದೇ ಹೆಚ್ಚು ಉಪಯೋಗಕ್ಕೆ ಬಂತು.

ಕೆಲಸದ ಮೇಲೆ ಹೋಗಿಬಂದವರು:
ಅಂಕಿ ಕಲಿಸಿ ತಲೆ ಕೆಡಿಸಬೇಡಿ. ಐವತ್ತಕ್ಕೆ 'ಹಾಲ್‌ಟ್ರೆಸ್' ಅಂತಾರೆ, ಅಂದರೆ ಎರಡೂವರೆ ಇಪ್ಪತ್ತು. ಎಪ್ಪತ್ತು ಮೂರೂವರೆ ಇಪ್ಪತ್ತು, ತೊಂಬತ್ತು ನಾಲ್ಕೂವರೆ ಇಪ್ಪತ್ತು. ಬೆಲೆ ಹೇಗೂ ಪರದೆ ಮೇಲೆ ಕಾಣುತ್ತೆ. ಗಂಟೆ ವಿಷಯ ಮಾತ್ರ ಚೆನ್ನಾಗಿ ತಿಳಿಸಿ: 'ಹಾಲ್ ಒಟ್ಟ' ಅಂದರೆ ಏಳೂವರೆ, ಎಂಟೂವರೆ ಅಲ್ಲ. ಪಕ್ಕದ ಮನೆಯವರು ಊಟಕ್ಕೆ ಕರೆದಾಗ ಇದು ಬೇಕಾಗುತ್ತೆ.

ಕೇಳಿದವರು:
ಎಲ್ಲರಿಗೂ ಧನ್ಯವಾದ. ರೈಲು, ಮೆಟ್ರೋ ಬೋರ್ಡುಗಳಿಗೆ ಏನು ಮಾಡಲಿ? ಅಮ್ಮ ಅಲ್ಲೇ ಹೆದರೋದು.

ಮಗನ ಮನೆಗೆ ಹೋಗಿಬಂದ ಮೈಸೂರಿನವರು:
ನಾನೂ ಅದೇ ವಯಸ್ಸಿನವಳು, ಹೆದರಬೇಡಿ ಅಂತ ಅಮ್ಮನಿಗೆ ಹೇಳಿ. ನನ್ನ ಮಗ ಒಂದು ಕಾರ್ಡಿನಲ್ಲಿ ಎಡಕ್ಕೆ ಡ್ಯಾನಿಷ್ ಅಕ್ಷರ, ಬಲಕ್ಕೆ ಕನ್ನಡ ಬರೆದುಕೊಟ್ಟಿದ್ದ. 'ಇಂಡ್‌ಗಾಂಗ್' ಒಳಗೆ, 'ಊಡ್‌ಗಾಂಗ್' ಹೊರಗೆ, 'ಸ್ಪೋರ್' ಪ್ಲಾಟ್‌ಫಾರಂ ನಂಬರು, 'ಫೊಸಿಂಕೆಟ್' ತಡ, 'ಔಲ್ಯುಸ್ಟ್' ರದ್ದು. ಶೌಚಾಲಯದ ಬಾಗಿಲ ಮೇಲೆ 'ಎಚ್' ಇದ್ದರೆ ಗಂಡಸರದ್ದು, 'ಡಿ' ಹೆಂಗಸರದ್ದು. ಇದನ್ನು ಮರೆಯದೆ ಬರೆದುಕೊಡಿ. ಬಾಗಿಲಿಗೆ 'ಸ್ಕುಬ್' ಅಂದರೆ ತಳ್ಳಿ, 'ಟ್ರೆಕ್' ಅಂದರೆ ಎಳೀರಿ. ದೂರದ ರೈಲಿನಲ್ಲಿ 'ಸ್ಟಿಲ್ಲಝೋನ್' ಅಂತ ಇರೋ ಕಡೆ ಮಾತಾಡೋ ಹಾಗಿಲ್ಲ, ಫೋನಿನಲ್ಲೂ ಇಲ್ಲ. ತುರ್ತಿಗೆ 112. ಅದನ್ನು ಮನೆ ವಿಳಾಸದ ಜೊತೆ ಕಾರ್ಡಿನ ಮೇಲ್ತುದಿಯಲ್ಲಿ ದಪ್ಪವಾಗಿ ಬರೆಯಿರಿ. ಯಾರಾದರೂ 'ಪಾಸ್ ಪೋ' ಅಂತ ಕೂಗಿದರೆ ಹುಷಾರು ಅಂತ, ಮೊದಲು ಸೈಕಲ್ ದಾರಿಯಿಂದ ಪಕ್ಕಕ್ಕೆ ಬನ್ನಿ.

ಕೊನೆಗೊಂದು. ಯಾರ ಮನೆಯಲ್ಲಾದರೂ ಊಟ ಮಾಡಿದರೆ ಎಲೆಯ ಮುಂದಿನಿಂದ ಏಳುವಾಗ ನಾವು 'ಅನ್ನದಾತೋ ಸುಖೀಭವ' ಅನ್ನೋ ಹಾಗೆ ಅಲ್ಲಿ 'ಥಕ್ ಫೊ ಮಲ್' ಅನ್ನಬೇಕು. ಬಡಿಸಿದವರು 'ವೆಲ್‌ಬೆಕಾಮ' ಅಂತಾರೆ. ಮಗನ ಪಕ್ಕದ ಮನೆಯಾಕೆಗೆ ನಾನು ಹಾಗಂದೆ. ಆಕೆ ಮಾರನೇ ದಿನವೇ ತೋಟ ನೋಡೋಕೆ ಬನ್ನಿ ಅಂತ ಕರೆದರು.