ವಿಲ್ಲಿಸ್ ಜೀಪಿನ ಮೀಟರ್‌ಗಳನ್ನು ಮನೆಯಲ್ಲೇ ಬಿಚ್ಚಬಹುದಾ?

ಪ್ರಶ್ನೆ (ಮೂಡಿಗೆರೆಯಿಂದ): ತಾತ ಮಿಲಿಟರಿ ಡಿಸ್ಪೋಸಲ್‌ನಲ್ಲಿ ತಗೊಂಡಿದ್ದ 1943ರ ವಿಲ್ಲಿಸ್ ಜೀಪು ತೋಟದ ಶೆಡ್ಡಲ್ಲಿ ನಿಂತುಬಿಟ್ಟಿತ್ತು. ಎಂಜಿನ್ ಕೆಲಸ ಮುಗೀತು, ವೈರಿಂಗನ್ನ 6 ವೋಲ್ಟಿಂದ 12ಕ್ಕೆ ಬದಲಾಯಿಸಿದ್ವಿ. ಸ್ಪೀಡೋಮೀಟರ್ ಮುಳ್ಳು ಕುಣಿಯುತ್ತೆ, ಟೆಂಪರೇಚರ್ ಮುಳ್ಳು ಅಲ್ಲಾಡೋದೇ ಇಲ್ಲ. ಪೆಟ್ರೋಲ್ ಮೀಟರಿಗೆ ಇನ್ನೂ ಕನೆಕ್ಷನ್ ಕೊಟ್ಟಿಲ್ಲ. ಅಂಕಿಗಳೆಲ್ಲ ಕಂದು ಬಣ್ಣಕ್ಕೆ ತಿರುಗಿವೆ. ಗಾಜು ತೆಗೆದು ಉಜ್ಜಿ, ನಾವೇ ಪೇಂಟ್ ಮಾಡಬಹುದಾ ಸರ್?

ಉತ್ತರ (ಮೀಟರ್ ಮೆಕ್ಯಾನಿಕ್): ಉಜ್ಜಬೇಡಿ. ಗಾಜನ್ನೂ ತೆಗೀಬೇಡಿ. ಆ ಕಾಲದ ಎಷ್ಟೋ ಮಿಲಿಟರಿ ಮೀಟರ್‌ಗಳ ಅಂಕಿಗೆ, ಮುಳ್ಳಿಗೆ ಕತ್ತಲಲ್ಲಿ ಹೊಳೆಯಲಿ ಅಂತ ನಿಜವಾದ ರೇಡಿಯಂ (ವಿಕಿರಣ ಸೂಸೋ ಲೋಹ) ಬೆರೆಸಿದ ಬಣ್ಣ ಬಳಿದಿರ್ತಾರೆ. ಹಳೇದಾಗಿ ಪುಡಿಪುಡಿಯಾಗಿರುತ್ತೆ, ಆ ಪುಡಿ ಉಸಿರಲ್ಲಿ ಒಳಗೆ ಹೋಗಬಾರದು. ಗಾಜು ಮುಚ್ಚಿರೋವರೆಗೆ ಅಂಥ ಭಯವಿಲ್ಲ. ಡಯಲ್ ಹೊಸದಾಗಲೇಬೇಕು ಅಂದ್ರೆ ಹೊಸ ಮೀಟರನ್ನೇ ಕೂರಿಸಿ, ಹಳೇದನ್ನ ಮುಚ್ಚಿದ ಹಾಗೇ ಎತ್ತಿಡಿ.

ಟೆಂಪರೇಚರ್ ಮತ್ತು ಆಯಿಲ್ ಮೀಟರಿಗೆ ಕರೆಂಟೇ ಬೇಡ, ಹಾಗಾಗಿ 12 ವೋಲ್ಟಿಂದ ಅವು ಕೆಟ್ಟಿಲ್ಲ. ಟೆಂಪರೇಚರ್ ಮೀಟರಿಂದ ಎಂಜಿನ್ನಿಗೆ ಒಂದು ಸಣ್ಣ ತಾಮ್ರದ ಕೊಳವೆ ಹೋಗುತ್ತಲ್ಲ, ಅದರ ತುದಿಯ ಬಲ್ಬಿನಲ್ಲಿ ಈಥರ್ ಇರುತ್ತೆ. ನೀರು ಬಿಸಿಯಾದಂತೆ ಅದರ ಆವಿ ಒತ್ತಿ ಮುಳ್ಳು ಏರುತ್ತೆ. ಬಲ್ಬನ್ನ ಬಿಚ್ಚಿ, ಕುದಿನೀರಿನ ಪಾತ್ರೆಯಲ್ಲಿ ಅದ್ದಿ ನೋಡಿ. ಆಗಲೂ ಮುಳ್ಳು ಏಳದಿದ್ರೆ ಕೊಳವೆ ಎಲ್ಲೋ ಬಿರಿದು ಈಥರ್ ಹಾರಿಹೋಗಿರುತ್ತೆ. ನೀವೇ ಬೆಸುಗೆ ಹಾಕೋಕೆ ಹೋಗಬೇಡಿ, ಈಥರ್ ಬೇಗ ಬೆಂಕಿ ಹಿಡಿಯುತ್ತೆ. ಬಿಚ್ಚುವಾಗ ನಟ್ಟಿನ ಜೊತೆ ಕೊಳವೆಯೂ ತಿರುಚಿಕೊಳ್ಳದ ಹಾಗೆ ನೋಡ್ಕೊಳ್ಳಿ. ಅರ್ಧಕ್ಕರ್ಧ ಹಾಳಾಗೋದು ಅಲ್ಲೇ.

ಸ್ಪೀಡೋಮೀಟರಿಗೆ ಮೊದಲು ಕೇಬಲ್ ನೋಡಿ. ಒಳತಂತಿ ಹೊರಗೆಳೆದು ಸೀಮೆಎಣ್ಣೇಲಿ ತೊಳೆದು, ತೆಳ್ಳಗೆ ಗ್ರೀಸ್ ಸವರಿ. ಮೀಟರ್ ಕಡೆಯ ಒಂದು ಗೇಣು ಒಣಗಿಯೇ ಇರ್ಲಿ, ಇಲ್ಲಾಂದ್ರೆ ಗ್ರೀಸ್ ಮೇಲೇರಿ ಮೀಟರೊಳಗೆ ಸೇರಿಕೊಳ್ಳುತ್ತೆ. ಕೇಬಲ್ ಎಲ್ಲೂ ಚೂಪಾಗಿ ಮಡಚಬಾರದು.

ಸದಸ್ಯರೊಬ್ಬರು: ನಮ್ಮ ಜೀಪಿನ ಅಂಕಿ ಈಗ ಕತ್ತಲಲ್ಲಿ ಹೊಳೆಯೋದೇ ಇಲ್ಲ ಅಣ್ಣ. ಅಂದ್ರೆ ರೇಡಿಯಂ ಸತ್ತುಹೋಯ್ತಲ್ವಾ?

ಉತ್ತರ: ಸತ್ತಿರೋದು ಅದರ ಜೊತೆ ಬೆರೆಸಿದ ಝಿಂಕ್ ಸಲ್ಫೈಡ್, ಹೊಳೀತಿದ್ದದ್ದು ಅದು. ರೇಡಿಯಂ ಅರ್ಧಕ್ಕಿಳಿಯೋಕೇ ಸುಮಾರು 1,600 ವರ್ಷ ಬೇಕು.

ಪ್ರಶ್ನೆ ಕೇಳಿದವರು: ತುಂಬಾ ಥ್ಯಾಂಕ್ಸ್ ಸರ್, ಗಾಜು ಮುಟ್ಟಲ್ಲ. ಪೆಟ್ರೋಲ್ ಮೀಟರಿಗೆ ಮಧ್ಯೆ ಒಂದು ರೆಸಿಸ್ಟರ್ ಹಾಕಿದ್ರೆ ಸಾಕು ಅಂತಾರೆ ನಮ್ಮ ಎಲೆಕ್ಟ್ರಿಷಿಯನ್.

ಉತ್ತರ: ಸಾಲದು. ಟ್ಯಾಂಕಲ್ಲಿ ಪೆಟ್ರೋಲ್ ಏರಿಳಿದ ಹಾಗೆ ಆ ಮೀಟರಲ್ಲಿ ಹರಿಯೋ ಕರೆಂಟೂ ಬದಲಾಗುತ್ತೆ, ಹಾಗಾಗಿ ರೆಸಿಸ್ಟರ್ ಒಂದೊಂದು ಸಲ ಒಂದೊಂದಷ್ಟು ವೋಲ್ಟ್ ತಿನ್ನುತ್ತೆ. ಯಾವಾಗಲೂ 6 ವೋಲ್ಟೇ ಕೊಡೋ ರೆಗ್ಯುಲೇಟರ್ ಹಾಕಿಸಿ. ಟ್ಯಾಂಕಿಂದ ಚಾಸಿಸ್‌ಗೆ ಬೇರೆ ಅರ್ತ್ ವೈರ್ ಎಳೀರಿ. ಹೊಸದಾಗಿ ಪೇಂಟ್ ಆದ ಗಾಡೀಲಿ ಅರ್ತ್ ಸಿಗದೇನೇ ಮೀಟರ್ ಸುಳ್ಳು ತೋರಿಸೋದು ಜಾಸ್ತಿ.