ಫೋನ್, ಕರೆಂಟ್, ಇಂಟರ್ನೆಟ್ ಮೂರೂ ಒಟ್ಟಿಗೆ ಕೈಕೊಟ್ಟರೆ ಮನೆಯಲ್ಲಿ ಏನೇನು ಸಿದ್ಧ ಇರಬೇಕು?

ಪ್ರಶ್ನೆ

ಮನೆಯಲ್ಲಿ ನಾಲ್ಕು ಜನ, ನಾಲ್ಕು ಫೋನು. ಹಣ ಕೊಡೋದು, ದಾರಿ ನೋಡೋದು, ಬಾಗಿಲಿನ ಬೀಗ, ಫೋಟೋ, ಎಲ್ಲರ ನಂಬರು, ಎಲ್ಲವೂ ಅದರೊಳಗೇ. ಎರಡು ದಿನ ಕರೆಂಟ್ ಹೋದರೆ ಅಥವಾ ಫೋನೇ ಒಡೆದುಹೋದರೆ ಮುಂದೇನು ಅನ್ನೋದಕ್ಕೆ ನಮ್ಮಲ್ಲಿ ಉತ್ತರ ಇಲ್ಲ. 20,000 ಎಂಎಎಚ್ ಪವರ್ ಬ್ಯಾಂಕ್ ಒಂದಿದೆ. ಸಾಕಾಗುತ್ತಾ? ‘ಫೋನ್ ಕಡಿಮೆ ಬಳಸಿ’ ಅನ್ನೋ ಉಪದೇಶ ದಯವಿಟ್ಟು ಬೇಡ. ಈ ಕೆಲಸ ಬಲ್ಲವರು ಲೆಕ್ಕ ಸಮೇತ ಹೇಳಿ.

ಬ್ಯಾಟರಿ ಕೆಲಸ ಬಲ್ಲವರು

ಸಾಕಾಗಲ್ಲ ಸರ್, ಆದರೆ ಸಾಕಾಗುವ ಹಾಗೆ ಮಾಡಬಹುದು. ಲೆಕ್ಕ ನೋಡಿ.

ಡಬ್ಬಿಯ ಮೇಲಿನ 20,000 ಅನ್ನೋದು ಒಳಗಿನ ಸೆಲ್‌ಗಳ ಲೆಕ್ಕ, 3.7 ವೋಲ್ಟ್‌ನಲ್ಲಿ. ಅಂದರೆ 74 ವ್ಯಾಟ್-ಅವರ್ (ತುಂಬಿರುವ ಒಟ್ಟು ಶಕ್ತಿಯ ಅಳತೆ). ಹೊರಗೆ ಕೊಡುವಾಗ ಅದು 5 ವೋಲ್ಟ್‌ಗೆ ಏರಬೇಕು. ಆ ಏರಿಕೆಯಲ್ಲೇ ನೂರಕ್ಕೆ ಹತ್ತು ಹದಿನೈದು ಭಾಗ ಬಿಸಿಯಾಗಿ ಹೋಗುತ್ತೆ. ಕೈಗೆ ಸಿಗೋದು 62 ವ್ಯಾಟ್-ಅವರ್ ಆಸುಪಾಸು. ಡಬ್ಬಿಯ ಹಿಂಭಾಗದಲ್ಲಿ ಸಣ್ಣ ಅಕ್ಷರದಲ್ಲಿ ‘ರೇಟೆಡ್ ಕೆಪ್ಯಾಸಿಟಿ’ ಅಂತ 12,000 ಚಿಲ್ಲರೆ ಬರೆದಿರ್ತಾರಲ್ಲ, ನಿಜವಾದ ಸಂಖ್ಯೆ ಅದು.

ಈಗ ಫೋನ್ ಕಡೆ ಬನ್ನಿ. 5,000 ಎಂಎಎಚ್ ಬ್ಯಾಟರಿ ಅಂದರೆ 19 ವ್ಯಾಟ್-ಅವರ್. ತುಂಬಿಸೋಕೆ ನಷ್ಟ ಸೇರಿ 22–23 ಬೇಕು. ಅಲ್ಲಿಗೆ ನಿಮ್ಮ ಪವರ್ ಬ್ಯಾಂಕ್ ಎರಡೂವರೆ ಫೋನ್ ತುಂಬಿಸುತ್ತೆ, ಅಷ್ಟೇ. ನಾಲ್ಕೂ ಫೋನ್‌ಗಳನ್ನು 20ರಿಂದ 80 ಪರ್ಸೆಂಟ್‌ವರೆಗೆ ಮಾತ್ರ ಏರಿಸಿದರೆ ಒಂದಕ್ಕೆ ಹದಿಮೂರು ಹದಿನಾಲ್ಕು ಸಾಕು, ಎಲ್ಲರಿಗೂ ಒಂದು ಸುತ್ತು ಬರುತ್ತೆ. ಫೋನ್ ಆಫ್ ಮಾಡಿ ಚಾರ್ಜ್‌ಗೆ ಹಾಕಿ. ಚಾರ್ಜ್ ಆಗ್ತಾ ಇರುವಾಗಲೇ ವಿಡಿಯೋ ನೋಡಿದರೆ ತುಂಬೋ ಮಡಕೆಗೆ ತೂತು ಕೊರೆದ ಹಾಗೆ.

ಕರೆಂಟ್ ಹೋದಾಗ ಬ್ಯಾಟರಿ ಬೇಗ ಇಳಿಯೋದಕ್ಕೆ ಪರದೆಗಿಂತ ಸಿಗ್ನಲ್ ದೊಡ್ಡ ಕಾರಣ. ಹತ್ತಿರದ ಟವರ್ ಸತ್ತರೆ ಫೋನ್ ದೂರದ ಟವರ್‌ಗೆ ಪೂರ್ತಿ ಶಕ್ತಿ ಹಾಕಿ ಕೂಗುತ್ತೆ. ಯಾವುದೂ ಸಿಗದಿದ್ದರೆ ಹುಡುಕುತ್ತಲೇ ಇರುತ್ತೆ. ಏರೋಪ್ಲೇನ್ ಮೋಡ್‌ನಲ್ಲಿಟ್ಟು ಗಂಟೆಗೊಮ್ಮೆ ಹತ್ತು ನಿಮಿಷ ತೆಗೆಯಿರಿ. ಮನೆಯವರೆಲ್ಲ ಒಂದೇ ಹೊತ್ತಿಗೆ, ಉದಾಹರಣೆಗೆ ಪ್ರತಿ ಗಂಟೆಯ ಮೊದಲ ಹತ್ತು ನಿಮಿಷ ಅಂತ ಮೊದಲೇ ಮಾತಾಡಿಕೊಂಡಿದ್ದರೆ ಒಬ್ಬರಿಗೊಬ್ಬರು ಸಿಗ್ತಾರೆ.

ಪವರ್ ಬ್ಯಾಂಕನ್ನು ಪೂರ್ತಿ ಖಾಲಿ ಮಾಡಿ ಕಪಾಟಿನಲ್ಲಿ ಇಡಬೇಡಿ. ತಾನಾಗಿ ಇನ್ನೂ ಇಳಿದು ರಕ್ಷಣಾ ಸರ್ಕ್ಯೂಟ್ ಬಾಗಿಲು ಹಾಕಿಕೊಂಡರೆ ಮತ್ತೆ ಚಾರ್ಜೇ ತಗೊಳ್ಳಲ್ಲ. ಅರ್ಧಕ್ಕಿಂತ ಸ್ವಲ್ಪ ಹೆಚ್ಚು ತುಂಬಿಸಿ, ತಂಪು ಜಾಗದಲ್ಲಿಟ್ಟು, ಮೂರು ತಿಂಗಳಿಗೊಮ್ಮೆ ನೋಡಿ. ಹೊಟ್ಟೆ ಉಬ್ಬಿದ್ದರೆ ಚಾರ್ಜ್ ಮಾಡಬೇಡಿ, ಒತ್ತಬೇಡಿ, ಚುಚ್ಚಬೇಡಿ. ಹಳೆ ಎಲೆಕ್ಟ್ರಾನಿಕ್ ಸಾಮಾನು ತಗೊಳ್ಳುವ ಕಡೆ ಕೊಟ್ಟುಬಿಡಿ, ಕಸದ ಬುಟ್ಟಿಗಲ್ಲ.

ನೆಟ್‌ವರ್ಕ್ ಕೆಲಸದವರು

ಫೈಬರ್ ಲೈನ್ ಇದ್ದರೆ ಒಂದು ಅನುಕೂಲ ಇದೆ, ತುಂಬಾ ಜನಕ್ಕೆ ಗೊತ್ತಿಲ್ಲ. ಸಾಮಾನ್ಯವಾಗಿ ಕಂಪನಿಯ ಕಟ್ಟಡದಿಂದ ನಿಮ್ಮ ಮನೆವರೆಗೆ ದಾರಿಯಲ್ಲಿ ಕರೆಂಟ್ ಬೇಕಾದ ವಸ್ತುವೇ ಇರೋದಿಲ್ಲ. ಕಂಬದ ಮೇಲಿನ ಸ್ಪ್ಲಿಟರ್ ಬರೀ ಬೆಳಕು ಹಂಚುವ ಗಾಜು. ಆ ತುದಿಯಲ್ಲಿ ಬ್ಯಾಟರಿ ಇದ್ದು, ಈ ತುದಿಯಲ್ಲಿ ನಿಮ್ಮ ಡಬ್ಬಿಗಳಿಗೆ ಕರೆಂಟ್ ಇದ್ದರೆ, ಬೀದಿಯೆಲ್ಲ ಕತ್ತಲಿದ್ದರೂ ನೆಟ್ ಬರುತ್ತೆ. ಹಳೆ ಕೇಬಲ್ ಲೈನಿಗೆ ಈ ಭಾಗ್ಯ ಇಲ್ಲ, ಅದರ ಆಂಪ್ಲಿಫೈಯರ್‌ಗಳು ಬೀದಿಯಲ್ಲೇ ಕರೆಂಟ್ ಕೇಳ್ತವೆ.

ರೂಟರ್‌ಗೆ ದೊಡ್ಡ ಇನ್ವರ್ಟರ್ ಬೇಕಿಲ್ಲ. ಇನ್ವರ್ಟರ್ ಸುಮ್ಮನೆ ಆನ್ ಇದ್ದರೇ ಹತ್ತಿಪ್ಪತ್ತು ವ್ಯಾಟ್ ತಾನೇ ತಿನ್ನುತ್ತೆ, ರೂಟರ್ ತಿನ್ನೋದು ಆರೇಳು. ಸಣ್ಣ ಡಿಸಿ ಯುಪಿಎಸ್, ಅಂದರೆ ಅಡಾಪ್ಟರ್ ಬದಲು ರೂಟರ್‌ಗೆ ನೇರ ಕರೆಂಟ್ ಕೊಡುವ ಬ್ಯಾಟರಿ ಡಬ್ಬಿ ತಗೊಳ್ಳಿ. ಕೊಳ್ಳುವ ಮುಂಚೆ ಅಡಾಪ್ಟರ್ ಮೇಲಿನ ಚೀಟಿ ಓದಿ:

ವೋಲ್ಟ್ ಕಟ್ಟುನಿಟ್ಟಾಗಿ ಅದೇ ಇರಬೇಕು. 9 ವೋಲ್ಟ್ ರೂಟರ್‌ಗೆ 12 ಕೊಟ್ಟರೆ ಸುಟ್ಟೀತು. ಆಂಪಿಯರ್ ಹೆಚ್ಚಿದ್ದರೆ ತೊಂದರೆ ಇಲ್ಲ, ಕಡಿಮೆ ಆಗಬಾರದು. ಪ್ಲಸ್ ಪಿನ್ನಿನ ನಡುವೆಯೋ ಹೊರಗೋ ಅನ್ನೋದಕ್ಕೆ ಅಲ್ಲೇ ಒಂದು ಸಣ್ಣ ಚಿತ್ರ ಇರುತ್ತೆ, ಹೆಚ್ಚಿನವು ನಡುವೆ ಪ್ಲಸ್. ಇನ್ನು ಪಿನ್. ಹೊರಗಿನಿಂದ ನೋಡಿದರೆ ಎರಡೂ 5.5 ಮಿ.ಮೀ.; ಒಳಗಿನ ತೂತು ಮಾತ್ರ ಒಂದು 2.1, ಇನ್ನೊಂದು 2.5. 2.5ರ ಪ್ಲಗ್ಗನ್ನು 2.1ರ ಸಾಕೆಟ್ಟಿಗೆ ಹಾಕಿದರೆ ಹೋಗುತ್ತೆ, ಆದರೆ ಅಲುಗಾಡುತ್ತೆ. ಆಮೇಲೆ ಯಾರಾದರೂ ಟೇಬಲ್ ಮುಟ್ಟಿದಾಗಲೆಲ್ಲ ರೂಟರ್ ರೀಸ್ಟಾರ್ಟ್ ಆಗುತ್ತೆ, ಜನ ರೂಟರನ್ನು ಬೈತಾರೆ.

ಫೈಬರ್ ಡಬ್ಬಿ ಬೇರೆ, ವೈಫೈ ಡಬ್ಬಿ ಬೇರೆ ಇದ್ದರೆ ಎರಡಕ್ಕೂ ಬ್ಯಾಕಪ್ ಬೇಕು. ಒಂದಕ್ಕೆ ಮಾತ್ರ ಕೊಟ್ಟು ‘ವೈಫೈ ಫುಲ್ ಇದೆ, ನೆಟ್ ಇಲ್ಲ’ ಅನ್ನೋ ದೂರು ಬಹಳ. ಎರಡೂ ಸೇರಿ 14 ವ್ಯಾಟ್ ಅಂದುಕೊಂಡರೆ, 37 ವ್ಯಾಟ್-ಅವರ್ ಯುಪಿಎಸ್ ನಷ್ಟ ಕಳೆದು ಎರಡು ಗಂಟೆ ಚಿಲ್ಲರೆ ನಡೆಸುತ್ತೆ.

ಕರೆಂಟ್ ಇದ್ದೂ ನೆಟ್ ಇಲ್ಲ ಅಂದಾಗ ಮೊದಲು ದೀಪ ನೋಡಿ. ಫೈಬರ್ ಡಬ್ಬಿಯ ‘ಎಲ್‌ಒಎಸ್’ (LOS) ದೀಪ ಕೆಂಪಾಗಿದ್ದರೆ ಬೆಳಕೇ ಬರ್ತಿಲ್ಲ: ಎಳೆ ತುಂಡಾಗಿದೆ, ತೀರಾ ಬಾಗಿದೆ, ಇಲ್ಲ ಕನೆಕ್ಟರ್ ಸಡಿಲ ಆಗಿದೆ. ಹತ್ತು ಸಲ ರೀಸ್ಟಾರ್ಟ್ ಮಾಡಿದರೂ ಪ್ರಯೋಜನ ಇಲ್ಲ. ಆ ದೀಪ ಆರಿದ್ದು ‘ಪಾನ್’ (PON, ಫೈಬರ್ ಸಂಪರ್ಕ ಸಿಕ್ಕಿದೆ ಅನ್ನೋ) ದೀಪ ನಿಂತು ಉರೀತಿದ್ದರೆ ಕಂಪ್ಯೂಟರ್‌ನ ಕಮಾಂಡ್ ವಿಂಡೋದಲ್ಲಿ ping 1.1.1.1 ಅಂತ ಟೈಪ್ ಮಾಡಿ. ಅದಕ್ಕೆ ಉತ್ತರ ಬಂದು, ಬ್ರೌಸರ್‌ನಲ್ಲಿ ಹೆಸರಿನ ತಾಣಗಳು ತೆರೆಯದಿದ್ದರೆ ಕೆಟ್ಟಿರೋದು ಡಿಎನ್‌ಎಸ್, ಅಂದರೆ ತಾಣದ ಹೆಸರಿಗೆ ಅದರ ಸಂಖ್ಯೆ ಹುಡುಕಿಕೊಡುವ ವ್ಯವಸ್ಥೆ. ರೂಟರ್ ಸೆಟ್ಟಿಂಗ್‌ನಲ್ಲಿ ಡಿಎನ್‌ಎಸ್ ಜಾಗಕ್ಕೆ 1.1.1.1 ಮತ್ತು 8.8.8.8 ಹಾಕಿದರೆ ಅಲ್ಲಿಗೆ ಮುಗೀತು.

ಖಾತೆ, ಪಾಸ್‌ವರ್ಡ್ ಬಗ್ಗೆ ಒಬ್ಬರು

ಕರೆಂಟ್ ಹೋದದ್ದು ಬರುತ್ತದೆ. ಫೋನ್ ಹೋದರೆ ಬೇರೆಯೇ ಕಥೆ. ನಾನು ನೋಡಿದ ಮಟ್ಟಿಗೆ ಜನ ಸಿಕ್ಕಿಬೀಳುವುದು ಒಂದೇ ರೀತಿ: ಬೀಗದ ಕೈಯನ್ನು ಪೆಟ್ಟಿಗೆಯೊಳಗೇ ಇಟ್ಟು ಬೀಗ ಹಾಕಿರುತ್ತಾರೆ. ಪಾಸ್‌ವರ್ಡ್ ಆ್ಯಪ್ ತೆರೆಯಲು ಮೇಲ್‌ಗೆ ಬರುವ ಕೋಡ್ ಬೇಕು, ಮೇಲ್ ತೆರೆಯಲು ಫೋನಿಗೆ ಬರುವ ಒಟಿಪಿ ಬೇಕು, ಹೊಸ ಫೋನ್ ಹೊಂದಿಸಲು ಮೇಲ್‌ನ ಪಾಸ್‌ವರ್ಡ್ ಬೇಕು. ಒಂದು ಹಾಳೆ ತೆಗೆದುಕೊಂಡು ನಿಮ್ಮ ಮುಖ್ಯ ಖಾತೆಗಳ ಹೆಸರು ಬರೆದು, ಯಾವುದು ಯಾವುದನ್ನು ಕೇಳುತ್ತದೆ ಎಂದು ಬಾಣ ಹಾಕಿ. ಬಾಣಗಳು ಸುತ್ತಿ ಬಂದು ಹೊರಟಲ್ಲಿಗೇ ಸೇರಿದರೆ ಅಲ್ಲಿ ಕತ್ತರಿ ಹಾಕಬೇಕು.

ಕತ್ತರಿ ಎಂದರೆ ಕಾಗದ. ಗೂಗಲ್ ಖಾತೆಯ ಎರಡು ಹಂತದ ಪರಿಶೀಲನೆಯಲ್ಲಿ ಬ್ಯಾಕಪ್ ಕೋಡ್‌ಗಳೆಂದು 8 ಅಂಕಿಯ 10 ಕೋಡ್ ಕೊಡುತ್ತಾರೆ. ಒಂದು ಕೋಡ್ ಒಂದೇ ಸಲಕ್ಕೆ. ಹೊಸ ಪಟ್ಟಿ ತೆಗೆದ ಕ್ಷಣ ಹಳೆಯ ಪಟ್ಟಿ ರದ್ದು, ಆದ್ದರಿಂದ ಹಾಳೆಯ ಮೇಲೆ ತಾರೀಖು ಬರೆಯಿರಿ. ಒಂದು ಪ್ರತಿ ಮನೆಯಲ್ಲಿ, ಇನ್ನೊಂದು ನಂಬಿಕಸ್ತರ ಮನೆಯಲ್ಲಿ. ಅದರ ಫೋಟೋ ಹೊಡೆದು ಅದೇ ಫೋನಿನಲ್ಲಿ ಇಟ್ಟುಕೊಳ್ಳುವವರಿಗೆ ಏನು ಹೇಳುವುದೋ!

ಮೂವತ್ತು ಸೆಕೆಂಡಿಗೊಮ್ಮೆ ಬದಲಾಗುವ ಆರು ಅಂಕಿಯ ಕೋಡ್ ತೋರಿಸುವ ಆ್ಯಪ್‌ಗೆ ನೆಟ್‌ವರ್ಕ್ ಬೇಡ, ಗಡಿಯಾರ ಸರಿ ಇದ್ದರೆ ಸಾಕು. ‘ಕೋಡ್ ತಪ್ಪು’ ಎಂದು ಪದೇ ಪದೇ ಬಂದರೆ ಮೊದಲು ಫೋನಿನ ಸಮಯವನ್ನು ಆಟೋಮ್ಯಾಟಿಕ್‌ಗೆ ಹಾಕಿ ನೋಡಿ. ಅದೇ ಕೋಡನ್ನು ಹಳೆಯ ಫೋನೊಂದರಲ್ಲೂ ಹೊಂದಿಸಿ ಡ್ರಾಯರಿನಲ್ಲಿಟ್ಟರೆ ಅರ್ಧ ಭಾರ ಇಳಿದಂತೆ.

ಸಿಮ್ ವಿಷಯ. ತೆಗೆಯುವ ಸಿಮ್ ಆದರೆ ಒಡೆದ ಫೋನಿನಿಂದ ಕಿತ್ತು ಇನ್ನೊಂದಕ್ಕೆ ಹಾಕಿದರೆ ಒಟಿಪಿ ಬರುತ್ತದೆ. ಇ-ಸಿಮ್ (ಫೋನಿನೊಳಗೇ ಇರುವ, ತೆಗೆಯಲಾಗದ ಸಿಮ್) ಆದರೆ ಕಂಪನಿ ಹೊಸದಾಗಿ ಕೊಡಬೇಕು, ಅದಕ್ಕೂ ಕೆಲವೊಮ್ಮೆ ಮೇಲ್ ಬೇಕು. ಸಿಮ್‌ಗೆ ಪಿನ್ ಹಾಕಿದ್ದರೆ ಮೂರು ಸಲ ತಪ್ಪಿದರೆ ಪಿಯುಕೆ, ಅಂದರೆ ಸಿಮ್‌ನ ಬೀಗ ತೆಗೆಯುವ ಕೋಡ್ ಕೇಳುತ್ತದೆ. ಪಿಯುಕೆ ಹತ್ತು ಸಲ ತಪ್ಪಿದರೆ ಸಿಮ್ ಶಾಶ್ವತವಾಗಿ ಸತ್ತಂತೆ. ಸಿಮ್ ಬಂದ ಪ್ಲಾಸ್ಟಿಕ್ ಕಾರ್ಡನ್ನು ಎಸೆಯಬೇಡಿ, ಪಿಯುಕೆ ಹೆಚ್ಚಾಗಿ ಅದರ ಮೇಲೆಯೇ ಇರುತ್ತದೆ.

ವಿಂಡೋಸ್ ಲ್ಯಾಪ್‌ಟಾಪ್ ಇದ್ದರೆ ಬಿಟ್‌ಲಾಕರ್‌ನ (ಡಿಸ್ಕ್‌ಗೆ ಹಾಕುವ ಬೀಗ) 48 ಅಂಕಿಯ ರಿಕವರಿ ಕೀಯನ್ನೂ ಪ್ರಿಂಟ್ ತೆಗೆಯಿರಿ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಾಫ್ಟ್‌ವೇರ್ ಕಂಪನಿಯ ದೋಷಪೂರಿತ ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ನಿಂತವು. ಪರಿಹಾರ ಸಣ್ಣದು, ಸೇಫ್ ಮೋಡ್‌ಗೆ ಹೋಗಿ ಒಂದು ಫೈಲ್ ಅಳಿಸುವುದು. ಆದರೆ ಡಿಸ್ಕ್‌ಗೆ ಬೀಗ ಇದ್ದ ಯಂತ್ರಗಳಲ್ಲಿ ಅಲ್ಲಿಗೆ ಹೋಗಲು ಆ ಕೀ ಬೇಕಿತ್ತು. ಕೀಗಳ ಪಟ್ಟಿ ಬಿದ್ದುಹೋದ ಸರ್ವರ್‌ನಲ್ಲೇ ಇದ್ದ ಕಡೆ ಫಜೀತಿ ಇಮ್ಮಡಿ.

‘ಫೇಸ್‌ಬುಕ್ ಮೂಲಕ ಲಾಗಿನ್’ ಬಗೆಯ ಸೌಕರ್ಯವೂ ಇದೇ ಜಾತಿ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸ್ಆ್ಯಪ್ ಸುಮಾರು ಆರು ಗಂಟೆ ಇಲ್ಲವಾದಾಗ ಅದನ್ನು ನಂಬಿದ್ದ ಬೇರೆ ತಾಣಗಳ ಬಾಗಿಲೂ ಮುಚ್ಚಿತ್ತು. ಮುಖ್ಯವಾದ ಕಡೆ ನೇರ ಪಾಸ್‌ವರ್ಡ್ ಒಂದನ್ನೂ ಇಟ್ಟುಕೊಳ್ಳಿ.

ಕೇಳಿದವರು

ತುಂಬಾ ಉಪಕಾರ. ಪರದೆ ಮಾತ್ರ ಒಡೆದು ಒಳಗೆ ಫೋನ್ ಬದುಕಿದ್ದರೆ? ರಿಂಗ್ ಆಗುತ್ತೆ, ಮುಟ್ಟಿದರೆ ಏನೂ ಆಗಲ್ಲ ಅನ್ನೋ ಪರಿಸ್ಥಿತಿ.

ಮೊಬೈಲ್ ರಿಪೇರಿ ಗೊತ್ತಿರುವವರು

ಮೊದಲ ಮಾತು, ರೀಸ್ಟಾರ್ಟ್ ಮಾಡಬೇಡಿ. ರೀಸ್ಟಾರ್ಟ್ ಆದ ಮೇಲೆ ಬೆರಳಚ್ಚು, ಮುಖ ಯಾವುದೂ ನಡೆಯಲ್ಲ, ಪಿನ್ ಒತ್ತಲೇಬೇಕು. ಒತ್ತೋಕೆ ಪರದೆ ಇಲ್ಲ.

ಚಿತ್ರ ಕಾಣ್ತಿದ್ದು ಟಚ್ ಸತ್ತಿದ್ದರೆ ಒಂದು ಒಟಿಜಿ ಅಡಾಪ್ಟರ್ (ಫೋನಿಗೆ ಯುಎಸ್‌ಬಿ ವಸ್ತು ಜೋಡಿಸುವ ತುಂಡು), ಒಂದು ಮಾಮೂಲಿ ಯುಎಸ್‌ಬಿ ಮೌಸ್ ಸಾಕು. ಚುಚ್ಚಿದ ತಕ್ಷಣ ಬಾಣ ಬರುತ್ತೆ. ಕೆಲವು ಫೋನ್‌ಗಳಲ್ಲಿ ಒಟಿಜಿ ಸ್ವಿಚ್ಚನ್ನು ಸೆಟ್ಟಿಂಗ್‌ನಲ್ಲಿ ಆನ್ ಮಾಡಬೇಕು, ಇವತ್ತೇ ಮಾಡಿಡಿ. ಚಿತ್ರವೂ ಇಲ್ಲದಿದ್ದರೆ ಯುಎಸ್‌ಬಿ-ಸಿಯಿಂದ ಎಚ್‌ಡಿಎಂಐಗೆ ಹೋಗುವ ಅಡಾಪ್ಟರ್ ಹಾಕಿ ಟಿವಿಯಲ್ಲಿ ನೋಡಬಹುದು, ಆದರೆ ಆ ಪೋರ್ಟಿನಲ್ಲಿ ವಿಡಿಯೋ ಹೊರಗೆ ಬರುವ ವ್ಯವಸ್ಥೆ ಇರಬೇಕು. ದುಬಾರಿ ಫೋನ್‌ಗಳಲ್ಲಿ ಹೆಚ್ಚಾಗಿ ಇರುತ್ತೆ, ಅಗ್ಗದವುಗಳಲ್ಲಿ ಅಪರೂಪ. ಎಲ್ಲ ಸರಿಹೋದ ಮೇಲೆ ಫೋಟೋ ನಕಲು ಮೊದಲು, ಉಳಿದದ್ದು ಆಮೇಲೆ.

ಅಂದ ಹಾಗೆ ಫೋಟೋ ಸಿಂಕ್ ಆಗ್ತಿದೆ ಅಂದರೆ ಬ್ಯಾಕಪ್ ಆಯ್ತು ಅಂತಲ್ಲ. ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತೆ. ಕೇಬಲ್ ಕಿತ್ತಿಟ್ಟ ಹಾರ್ಡ್ ಡಿಸ್ಕ್ ಒಂದರಲ್ಲಿ ಪ್ರತಿ ಇರಲಿ.

ಚೂರುಪಾರು ಸೇರಿಸುವವರು

ಮೇಲೆ ಕಾಗದ ಅಂದರಲ್ಲ, ಯಾವ ಕಾಗದ ಅನ್ನೋದೂ ಮುಖ್ಯ. ಬಿಲ್ ಬರುವ ನುಣುಪು ಥರ್ಮಲ್ ಕಾಗದ ಬಿಸಿಗೂ ಬೆಳಕಿಗೂ ಮಾಸಿಹೋಗುತ್ತೆ. ಹೆಚ್ಚಿನ ಇಂಕ್‌ಜೆಟ್ ಅಕ್ಷರ ತೇವಕ್ಕೆ ಹರಡುತ್ತೆ. ಲೇಸರ್ ಪ್ರಿಂಟ್ ಇಲ್ಲ ಬಾಲ್‌ಪೆನ್, ಮೇಲೆ ಒಂದು ಪ್ಲಾಸ್ಟಿಕ್ ಕವರ್. ಅದೇ ಹಾಳೆಯ ಹಿಂದೆ ಹತ್ತು ಹನ್ನೆರಡು ಫೋನ್ ನಂಬರ್ ಬರೆದಿಡಿ. ಮನೆಯವರ ನಂಬರೇ ಬಾಯಲ್ಲಿ ಬರೋದಿಲ್ಲ ಈಗ ಯಾರಿಗೂ. ಜೊತೆಗೆ ಒಂದು ವಾರದ ಖರ್ಚಿಗೆ ಸಣ್ಣ ನೋಟುಗಳು. ನೆಟ್ ಇಲ್ಲದ ದಿನ ದೊಡ್ಡ ನೋಟಿಗೆ ಚಿಲ್ಲರೆ ಎಲ್ಲಿಂದ ಬರಬೇಕು?

ಬಾಗಿಲಿನ ಸ್ಮಾರ್ಟ್ ಬೀಗ: ಅದರೊಳಗೆ ಸಾಮಾನ್ಯವಾಗಿ ನಾಲ್ಕು ಎಎ ಸೆಲ್. ಆಲ್ಕಲೈನ್ ಹಾಕಿ, ಚಾರ್ಜ್ ಮಾಡುವ ಸೆಲ್ ಬೇಡ. ಆಲ್ಕಲೈನ್ ವೋಲ್ಟೇಜ್ ನಿಧಾನವಾಗಿ ಇಳಿಯೋದರಿಂದ ಬೀಗ ವಾರಗಳ ಮುಂಚೆ ಎಚ್ಚರಿಸುತ್ತೆ. ಚಾರ್ಜಬಲ್ ಸೆಲ್ 1.2 ವೋಲ್ಟ್‌ನಲ್ಲೇ ನಿಂತಿದ್ದು ಕೊನೆಗೆ ದಿಢೀರ್ ಬೀಳುತ್ತೆ, ಎಚ್ಚರಿಕೆಗೆ ಸಮಯವೇ ಇರಲ್ಲ. ಪೂರ್ತಿ ಸತ್ತರೆ ಹೊರಗಡೆ ಕೆಳ ಅಂಚಿನಲ್ಲಿ ಎರಡು ಲೋಹದ ಚುಕ್ಕೆ ಇವೆಯಾ ನೋಡಿ: ಅಲ್ಲಿ 9 ವೋಲ್ಟ್ ಬ್ಯಾಟರಿ ಒತ್ತಿ ಹಿಡಿದುಕೊಂಡೇ ಕೋಡ್ ಹಾಕಬೇಕು. ಕೆಲವಕ್ಕೆ ಯುಎಸ್‌ಬಿ-ಸಿ ತೂತು ಇರುತ್ತೆ. ಕಬ್ಬಿಣದ ಕೀ ಬಂದಿದ್ದರೆ ಅದು ಮನೆಯೊಳಗಿನ ಡ್ರಾಯರ್‌ನಲ್ಲಿ ಇರಬಾರದು, ಹೇಳಬೇಕಾಗಿಲ್ಲ.

ಟಾರ್ಚ್, ರೇಡಿಯೋ ಸೆಲ್‌ಗಳನ್ನು ಹೊರಗೆ ತೆಗೆದು ಪಕ್ಕದಲ್ಲಿಡಿ. ಸೋರಿ ಬಿಳಿ ಪುಡಿ ಕಟ್ಟಿದ್ದರೆ ಹತ್ತಿಗೆ ಎರಡು ಹನಿ ನಿಂಬೆರಸ ಅಥವಾ ವಿನೆಗರ್ ಹಾಕಿ ಒರೆಸಿ (ಅದು ಕ್ಷಾರ, ಹುಳಿ ಬೇಕು), ಒಣಗಿಸಿ. ರೇಡಿಯೋ ಯಾಕೆ ಅಂದರೆ, 2025ರ ಏಪ್ರಿಲ್ 28ರಂದು ಸ್ಪೇನ್, ಪೋರ್ಚುಗಲ್‌ಗಳ ಮುಖ್ಯ ಭೂಭಾಗದಲ್ಲಿ ಕರೆಂಟ್ ಹೋದಾಗ ಹೆಚ್ಚಿನ ಕಡೆ ಮೊಬೈಲ್ ಜಾಲವೂ ಕುಸಿಯಿತು, ತುಂಬಾ ಜನಕ್ಕೆ ಸುದ್ದಿ ಸಿಕ್ಕಿದ್ದು ಬ್ಯಾಟರಿ ರೇಡಿಯೋದಿಂದ. ಫೋನಿನ ಎಫ್‌ಎಂ ನಂಬಿದ್ದರೆ ವೈರ್ ಇರುವ ಇಯರ್‌ಫೋನ್ ಬೇಕು, ಆ ವೈರೇ ಆಂಟೆನಾ.

ಕರೆ ಸಿಗದಿದ್ದಾಗ ಎಸ್‌ಎಂಎಸ್ ಕಳಿಸಿ. ಈಗ ತಲುಪದಿದ್ದರೂ ಕಂಪನಿಯ ಕೇಂದ್ರದಲ್ಲಿ ಕಾದಿದ್ದು ಆ ಕಡೆ ಫೋನ್ ಸಿಕ್ಕಾಗ ತಲುಪುತ್ತೆ. ಕನ್ನಡ ಲಿಪಿಯಲ್ಲಿ ಒಂದು ಎಸ್‌ಎಂಎಸ್‌ಗೆ 70 ಅಕ್ಷರದ ಜಾಗ, ಇಂಗ್ಲಿಷ್ ಲಿಪಿಯಲ್ಲಿ 160. ಒತ್ತು, ಗುಣಿತಗಳೂ ಬೇರೆ ಬೇರೆ ಎಣಿಕೆ. ಒಂದೇ ತುಂಡಿನಲ್ಲಿ ಮುಗಿಸಿದರೆ ತಲುಪುವ ಸಾಧ್ಯತೆ ಹೆಚ್ಚು.

ಮ್ಯಾಪ್ ಮೊದಲೇ ಇಳಿಸಿಕೊಂಡಿದ್ದರೆ ಜಿಪಿಎಸ್‌ಗೆ ಇಂಟರ್ನೆಟ್ ಬೇಡ. ಆದರೆ ಡೇಟಾ ಇಲ್ಲದಾಗ ಉಪಗ್ರಹಗಳ ಸ್ಥಾನದ ಮಾಹಿತಿಯನ್ನು ಆಕಾಶದಿಂದಲೇ ಸೆಕೆಂಡಿಗೆ 50 ಬಿಟ್‌ನಂತೆ ಓದಬೇಕು. ಬಯಲಲ್ಲಿ ಒಂದೆರಡು ನಿಮಿಷ ಅಲುಗಾಡದೆ ನಿಲ್ಲಿ. ಕಟ್ಟಡಗಳ ನಡುವೆ ನಡೀತಾ ಇದ್ದರೆ ನೀಲಿ ಚುಕ್ಕೆ ಕೂರೋದೇ ಇಲ್ಲ.

ಇಷ್ಟೆಲ್ಲ ಜೋಡಿಸಿದ ಮೇಲೆ ಬಿಡುವಿನ ಒಂದು ಸಂಜೆ ಮೂರು ಗಂಟೆ ಪರೀಕ್ಷೆ ಮಾಡಿ. ಮುಖ್ಯ ಫೋನ್ ಆಫ್ ಮಾಡಿ ಡ್ರಾಯರ್‌ಗೆ ಹಾಕಿ, ರೂಟರನ್ನು ಗೋಡೆಯಿಂದ ಕಿತ್ತು ಯುಪಿಎಸ್ ಮೇಲೆ ಬಿಡಿ, ಎಷ್ಟು ಹೊತ್ತು ನಡೀತು ಅಂತ ಬರೆದುಕೊಳ್ಳಿ. ನೀವು ಯಾವತ್ತೂ ಲಾಗಿನ್ ಆಗದ ಕಂಪ್ಯೂಟರ್‌ನಲ್ಲಿ, ಹಾಳೆ ಮಾತ್ರ ನೋಡಿಕೊಂಡು ಮೇಲ್ ತೆರೆಯಿರಿ. ತೆರೆದರೆ, ಬಳಸಿದ ಕೋಡ್ ಮೇಲೆ ಎರಡೂ ಪ್ರತಿಯಲ್ಲಿ ಗೆರೆ ಎಳೀರಿ. ಅದು ಇನ್ನೊಮ್ಮೆ ನಡೆಯಲ್ಲ.